ನಾದಿನಿಯನ್ನು ಹುಡುಕುವ ನರ್ಸ್

ದೆಹಲಿಯ ಸರೋಜಿನಿ ನಗರದ ರೈಲ್ವೆ ಹಳಿಯ ಪಕ್ಕ ಬೆಳಗಿನ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ನನ್ನ ಮುಂದೆ ನಡೆಯುತ್ತಿರುವ ನರ್ಸ್ ಚಂದ್ರಪ್ರಭಾ ಅವರ ನೀಲಿ ಸ್ವೆಟರ್ ಆಗಾಗ ಮಾಯವಾಗುತ್ತದೆ. ಮಾತು ಮಾತ್ರ ಕೇಳುತ್ತಿರುತ್ತದೆ: ಇಲ್ಲಿ ಗುಂಡಿ, ಇಲ್ಲಿ ಮೋರಿ, ಇಲ್ಲಿ ನಾಯಿ ಮಲಗಿದೆ. ರಜಾಯಿ ಹೊದ್ದು ಮಲಗಬೇಕಾದ ಹೊತ್ತಿನಲ್ಲಿ ಇವರ ಜೊತೆ ಬರಲು ಒಪ್ಪಿದ ನನ್ನ ಬುದ್ಧಿಗೆ ಏನನ್ನೋಣ ಎಂದುಕೊಳ್ಳುತ್ತಲೇ ಹಿಂಬಾಲಿಸುತ್ತೇನೆ.

ಹಳಿಯ ಪಕ್ಕದ ಗುಡಿಸಲುಗಳ ಬಸ್ತಿಯಲ್ಲಿ ಪೂನಂ ಎಂಬ ಹುಡುಗಿಗೆ ನಸುಕಿನಲ್ಲಿ ಹೆರಿಗೆಯಾಗಿದೆ. ಚೊಚ್ಚಲು. ದಿನ ತುಂಬಲು ಇನ್ನೂ ಎರಡು ವಾರವಿತ್ತು. ಗಂಡ ಕಿಶನ್ ಆಸ್ಪತ್ರೆಗೆ ಹೋಗಲು ಆಟೋ ಹುಡುಕಿ ತರುವಷ್ಟರಲ್ಲಿ ಗಂಡುಮಗು ಬಸ್ತಿಯ ಸೂಲಗಿತ್ತಿಯ ಕೈಗೆ ಬಂದಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರಂತೆ. ಮತ್ತೆ ಈ ಓಡುನಡಿಗೆ ಏಕೆ ಎಂದು ಏದುಸಿರು ಬಿಡುತ್ತಾ ಕೇಳುತ್ತೇನೆ. "ಮಗು ಇನ್ನೂ ಹಾಲು ಕುಡಿದಿಲ್ಲ ಸರ್. ನಾದಿನಿ ಬಂದಿಲ್ಲ," ಎನ್ನುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉತ್ತರ ಪ್ರದೇಶದ ಕಡೆಯಿಂದ ಬಂದ ಇಲ್ಲಿನ ಹಲವು ಮನೆಗಳಲ್ಲಿ ಒಂದು ಪದ್ಧತಿಯಿದೆ. ಬಾಣಂತಿ ಮೊದಲ ಸಲ ಹಾಲೂಡಿಸುವ ಮುನ್ನ ಅವಳ ಗಂಡನ ತಂಗಿಯೋ ಅಕ್ಕನೋ ಬಂದು, ಗರಿಕೆಯನ್ನು ನೀರಿನಲ್ಲಿ ಅದ್ದಿ ಎದೆ ತೊಳೆಯಬೇಕು. ಅದಕ್ಕೆ ಅವಳಿಗೆ ಉಡುಗೊರೆಯುಂಟು. ಅದಕ್ಕೆ 'ನೇಗ್' ಎನ್ನುತ್ತಾರೆ. ನಾದಿನಿ ದೂರದ ಊರಿನಲ್ಲಿದ್ದರೆ ಅವಳು ಬರುವವರೆಗೂ ಮಗುವಿನ ಬಾಯಿಗೆ ಜೇನುತುಪ್ಪವೇ ಗತಿ. ಮೊದಲ ಗಂಟೆಯಲ್ಲೇ ಸಿಗಬೇಕಾದ ಹಳದಿ ಗಿಣ್ಣುಹಾಲು ಸಿಗುವುದೇ ಇಲ್ಲ.

ಹೊಳಲ್ಕೆರೆಯ ಚಂದ್ರಪ್ರಭಾ ದಾವಣಗೆರೆಯಲ್ಲಿ ನರ್ಸಿಂಗ್ ಕಲಿತವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ಇಂದುಶೇಖರ ಅವರನ್ನು ಮದುವೆಯಾಗಿ ದೆಹಲಿಗೆ ಬಂದು ಹದಿನೆಂಟು ವರ್ಷವಾಯಿತು. ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಮನೆ. ಕನ್ನಡ ಸಂಘದ ಸಮಾರಂಭಗಳಲ್ಲಿ ನಮ್ಮವರೆಲ್ಲ ಇವರ ಮುಂದೆ ತೋಳು ಚಾಚಿ ಬಿಪಿ ನೋಡಿಸಿಕೊಳ್ಳುತ್ತಾರೆ; ಉಳಿದ ದಿನ ಇವರು ಏನು ಮಾಡುತ್ತಾರೆಂದು ಕೇಳಿದವರನ್ನು ನಾನು ಕಂಡಿಲ್ಲ. ಸರ್ಕಾರಿ ನರ್ಸಾಗಿ ಸಾವಿರಕ್ಕೂ ಮಿಕ್ಕಿ ಮನೆಗಳು ಇವರ ಪಾಲಿಗಿವೆ. ಭಾನುವಾರದ ಪೋಲಿಯೋ ಹನಿ, ಬಸುರಿಯರಿಗೆ ಚುಚ್ಚುಮದ್ದು, ವಾಂತಿಭೇದಿಯ ಕಾಲದಲ್ಲಿ ಉಪ್ಪು ಸಕ್ಕರೆ ನೀರು ಬೆರೆಸುವ ಪಾಠ ಎಲ್ಲವೂ ಇವರದೇ. ರೋಗ ಬಂದ ಮೇಲೆ ವಾಸಿ ಮಾಡಿದವರನ್ನು ಜನ ಕೈಮುಗಿದು ನೆನೆಯುತ್ತಾರೆ. ಬಾರದ ರೋಗಕ್ಕೆ ಯಾರನ್ನು ನೆನೆಯುವುದು?

ಮೊದಮೊದಲು ಇವರೂ ಎಲ್ಲರಂತೆ ಚಿತ್ರಪಟ ಬಿಚ್ಚಿ ಭಾಷಣ ಮಾಡುತ್ತಿದ್ದರಂತೆ. ಈ ಪದ್ಧತಿ ತಪ್ಪು, ಬಿಡಿ ಎಂದರೆ ಅತ್ತೆಯಂದಿರು ತಲೆಯಾಡಿಸಿ, ಚಹಾ ಕುಡಿಸಿ ಕಳಿಸುತ್ತಿದ್ದರು. ಒಂದು ಚಳಿಗಾಲ, ಅಲಿಗಢದಿಂದ ನಾದಿನಿ ಬರಲೆಂದು ಎರಡು ದಿನ ಕಾದ ಮನೆಯೊಂದರಲ್ಲಿ ಹೆಣ್ಣುಮಗುವೊಂದು ತಣ್ಣಗಾಗಿ ಹೋಯಿತು. "ಆ ತಾಯಿ ಎದೆ ತುಂಬ ಹಾಲಿತ್ತು ಸರ್. ನಾನು ಬೈದು ಬಂದಿದ್ದೆ, ಅದಕ್ಕೇ ನನ್ನನ್ನ ಒಳಗೇ ಬಿಟ್ಟಿರಲಿಲ್ಲ. ಅವತ್ತೇ ಅನ್ನಿಸ್ತು, ಇವರ ನಾದಿನೀನ ಬಿಡಿಸೋಕೆ ನನ್ನಿಂದ ಆಗಲ್ಲ, ಹುಡುಕಿ ತರೋಕಂತೂ ಆಗುತ್ತೆ ಅಂತ." ಇಷ್ಟು ಹೇಳಿ ಅವರು ಮೋರಿ ದಾಟುತ್ತಾರೆ.

ಅಂದಿನಿಂದ ಬಸುರಿಗೆ ಏಳು ತಿಂಗಳಾಗುತ್ತಲೇ ಅವರು ರಕ್ತಪರೀಕ್ಷೆಯ ಜೊತೆಗೆ ನಾದಿನಿಯನ್ನೂ ವಿಚಾರಿಸುತ್ತಾರೆ. ಎಲ್ಲಿದ್ದಾಳೆ, ಯಾವಾಗ ಬರುತ್ತಾಳೆ, ಫೋನು ಯಾರ ಮನೆಯಲ್ಲಿದೆ? ಗಾಜಿಯಾಬಾದು, ನೋಯ್ಡಾ ಎಲ್ಲಿದ್ದರೂ ರಜೆಯ ದಿನ ಹೋಗಿ ಕೂತು, ಗಿಣ್ಣುಹಾಲಿನ ಬೆಲೆ ತಿಳಿಸಿ, ಬೇಗ ಬಾಮ್ಮ ಎಂದು ಒಪ್ಪಿಸಿ ಬರುತ್ತಾರೆ. ರಜೆಯ ದಿನವೂ ಅಮ್ಮ ಕೈಗೆ ಸಿಗುವುದಿಲ್ಲ ಎಂದು ಮಗಳು ಸಿಂಧೂರ ಅರ್ಧ ಹಿಂದಿಯಲ್ಲಿ ದೂರುತ್ತಾಳಂತೆ. ಪೂನಂಳ ನಾದಿನಿ ಶೀಲಾ ಇರುವುದು ಬಲ್ಲಭಗಢದಲ್ಲಿ. ಅವಳೂ ಒಪ್ಪಿ, ಮುಂದಿನ ವಾರವೇ ಬಂದು ಕೂರುತ್ತೇನೆ ಎಂದಿದ್ದಳು. ಮಗು ಮಾತ್ರ ಕಾಯಲಿಲ್ಲ.

ಬಾಣಂತಿಯ ಕೋಣೆಗೆ ಗಂಡಸರು ಹೋಗುವಂತಿಲ್ಲ. ಹೊರಗಿನ ಬೆಂಕಿಯ ಹತ್ತಿರ ಕಿಶನ್ ಪಕ್ಕದಲ್ಲಿ ಕೂರುತ್ತೇನೆ. ಮಾರ್ಕೆಟ್ಟಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹುಡುಗ, ಅಪ್ಪನಾದ ಖುಷಿಗೂ ಗಾಬರಿಗೂ ನಡುವೆ ಸಿಕ್ಕಿಕೊಂಡಿದ್ದಾನೆ. ಬಾಗಿಲಿಗೆ ಇಳಿಬಿಟ್ಟ ಚೀಲದ ಪರದೆಯಾಚೆಯ ಮಾತೆಲ್ಲ ನಮಗೆ ಕೇಳುತ್ತದೆ. ಪೂನಂಳ ಅತ್ತೆ ರಾಮ್‌ಕಲಿ ಜೇನುತುಪ್ಪದ ಬಟ್ಟಲು ಹಿಡಿದೇ ಕೂತಿದ್ದಾರೆ. ಶೀಲಾ ಹೊರಟಿದ್ದಾಳೆ, ಆದರೆ ಮಂಜಿಗೆ ರೈಲು ನಿಂತಿದೆ. ಯಾವಾಗ ಬಿಡುತ್ತದೋ ಯಾರಿಗೂ ಗೊತ್ತಿಲ್ಲ. ಮಗುವಿನ ಅಳು ನಾವು ಬಂದಾಗ ಜೋರಾಗಿತ್ತು, ಈಗ ಸಣ್ಣದಾಗಿದೆ. ಕಿಶನ್ ಕೈ ಉಜ್ಜಿಕೊಳ್ಳುವುದನ್ನು ನಿಲ್ಲಿಸಿ ಕಿವಿಗೊಡುತ್ತಾನೆ. ನಾನೂ ಚಳಿ ಮರೆತಿದ್ದೇನೆ.

ಚಂದ್ರಪ್ರಭಾ ವಾದ ಮಾಡುವುದಿಲ್ಲ. ಮಗುವನ್ನು ತಾಯಿಯ ಎದೆಗೆ ಆನಿಸಿ ಬೆಚ್ಚಗೆ ಹೊದಿಸಲು ಹೇಳಿ, ಶೀಲಾಳ ಗಂಡನ ಮೊಬೈಲಿಗೆ ಫೋನು ಹಚ್ಚುತ್ತಾರೆ. ರೈಲಿನ ಗಲಾಟೆಯಲ್ಲಿ ನಾಲ್ಕು ಸಲ ಕಟ್ಟಾಗಿ ಕೊನೆಗೆ ಶೀಲಾ ಸಿಗುತ್ತಾಳೆ. ಪದ್ಧತಿ ನಿನ್ನದು, ನೀನೇ ದಾರಿ ಹೇಳು ಎಂದು ಕೇಳಿ, ಫೋನನ್ನು ರಾಮ್‌ಕಲಿಯ ಕಿವಿಗೆ ಹಿಡಿಯುತ್ತಾರೆ. ಶೀಲಾ ಕಿರುಚಿದ್ದು ಹೊರಗಿದ್ದ ನಮಗೂ ಕೇಳಿಸುತ್ತದೆ: "ಅಮ್ಮಾ, ಸಿಸ್ಟರ್ ದೀದಿ ಇವತ್ತಿಂದ ನನ್ನ ಅಕ್ಕ. ಅವರ ಕೈಯಲ್ಲೇ ತೊಳೆಸು. ನನ್ನ ನೇಗ್ ಅವರಿಗೇ ಕೊಡು."

ವರ್ಷವಿಡೀ ಆಸೆಪಟ್ಟು ಕಾದ ಉಡುಗೊರೆಯನ್ನು ಮಗಳೇ ಬಿಟ್ಟುಕೊಟ್ಟ ಮೇಲೆ ತಾಯಿ ಏನು ಹೇಳಿಯಾಳು? "ಚಲೋ, ನೀರು ಬಿಸಿ ಮಾಡಿ," ಎಂಬ ರಾಮ್‌ಕಲಿಯ ದನಿ ಕೇಳಿಬರುತ್ತದೆ. ಗರಿಕೆ ತರಲು ಕಿಶನ್ ಹಳಿಯತ್ತ ಓಡುತ್ತಾನೆ. ಅವನು ತಂದುಕೊಟ್ಟ ಸ್ವಲ್ಪ ಹೊತ್ತಿಗೆ ಮಗುವಿನ ಅಳು ನಿಲ್ಲುತ್ತದೆ. ನಾವಿಬ್ಬರೂ ಬೆಚ್ಚಿ ಪರದೆಯತ್ತ ನೋಡುತ್ತೇವೆ. ಒಳಗಿನಿಂದ ಹೆಂಗಸರ ನಗು ಕೇಳಿಸುತ್ತದೆ. ಕಿಶನ್ ಬೆಂಕಿಗೆ ಬೆನ್ನು ಮಾಡಿ ಕಣ್ಣೊರೆಸಿಕೊಳ್ಳುತ್ತಾನೆ.

ಚಂದ್ರಪ್ರಭಾ ಹೊರಬರುವಾಗ ರಾಮ್‌ಕಲಿ ಹೊಸ ಸೀರೆಯನ್ನು ಕೈಗೆ ತುರುಕುತ್ತಾರೆ. ಇದು ಶೀಲಾಳಿಗೇ ಸೇರಬೇಕೆಂದು ಚಂದ್ರಪ್ರಭಾ ಮರಳಿಸಿ, ನೇಗ್ ಇಲ್ಲದೆ ಶಾಸ್ತ್ರ ಪೂರ್ತಿಯಾಗದೆಂದು ಆಕೆ ಹೇಳಿದಾಗ ಒಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ತಾಯಿಯನ್ನೂ ಮಗುವನ್ನೂ ಆಸ್ಪತ್ರೆಗೆ ತೋರಿಸಿಕೊಂಡು ಬರಲು ಆಟೋ ಸಿದ್ಧವಾಗುತ್ತದೆ. ಕಿಶನ್ ಬಗ್ಗಿ ಅವರ ಕಾಲು ಮುಟ್ಟುತ್ತಾನೆ. ಅವನಿಗೀಗ ಅವರು ಅಕ್ಕ.

ರಾಮ್‌ಕಲಿ ಅಷ್ಟಕ್ಕೇ ಬಿಡುವುದಿಲ್ಲ. ಆರನೆಯ ದಿನದ ಶಾಸ್ತ್ರಕ್ಕೆ ಸೋದರತ್ತೆಯಾಗಿ ಶೀಲಾಳ ಜೊತೆ ನೀನೂ ಬರಬೇಕು, ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವ ಮೊದಲ ಹಕ್ಕು ಹಿರಿಯಳಾದ ನಿನ್ನದೇ ಎಂದು ಮಾತು ತೆಗೆದುಕೊಳ್ಳುತ್ತಾರೆ. ಎಳೆಗೂಸಿನ ಕಣ್ಣಿಗೆ ಕಾಡಿಗೆ ಬೇಡವೆಂದು ಊರೂರು ಹೇಳಿಕೊಂಡು ತಿರುಗುವ ನರ್ಸಮ್ಮ ಈಗೇನು ಮಾಡುತ್ತಾರೆ ಎಂದು ನಾನು ಒಳಗೊಳಗೇ ನಗುತ್ತೇನೆ. ಅವರು ಖಂಡಿತ ಬರುತ್ತೇನೆ ಎಂದು ಒಪ್ಪಿಬಿಡುತ್ತಾರೆ.

ದಾರಿಯಲ್ಲಿ ತಡೆಯಲಾರದೆ, ಕಾಡಿಗೆ ಹಚ್ಚುತ್ತೀರಾ ಎಂದು ಕೇಳುತ್ತೇನೆ. ಚಂದ್ರಪ್ರಭಾ ಶಾಲು ಸರಿಪಡಿಸಿಕೊಂಡು ಹೇಳುತ್ತಾರೆ: "ಹಚ್ತೀನಿ ಸರ್, ಅಂಗಾಲಿಗೆ. ನರ್ಸ್ ಬೇಡ ಅಂದ್ರೆ ಯಾರೂ ಕೇಳಲ್ಲ. ಸೋದರತ್ತೆ ಹಚ್ಚಿದ್ದನ್ನ ಯಾರೂ ಅಳಿಸಲ್ಲ."