ಜಲಜಕ್ಕ ಒರೆಸಿದ ಗಾಜು

ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳದೆ ಬಿಟ್ಟದ್ದು ಮೂರೇ ಮಾತು: "ನಾನೇ ಹೇಳಿದ್ದು, ಸಾರ್." ಬೀಡಿ ಹಚ್ಚುವಷ್ಟು ಹೊತ್ತೂ ಬೇಡ ಅದಕ್ಕೆ. ಹೇಳದೆ ಮೂರು ವರ್ಷ ಕಳೆದೆ. ಇಡೀ ದಿನ ಗಾಜು ಹೊತ್ತರೆ ಸುಸ್ತಾಗುತ್ತದೆ, ಅದು ನನಗೆ ಗೊತ್ತು. ಒಂದು ಮಾತನ್ನು ಹೊತ್ತುಕೊಂಡು ಸುಮ್ಮನೆ ಕೂತರೆ ಅದಕ್ಕಿಂತ ಹೆಚ್ಚು ಸುಸ್ತಾಗುತ್ತದೆ ಎನ್ನುವುದು ನಿಧಾನಕ್ಕೆ ಗೊತ್ತಾಯಿತು. ಬೆಳಿಗ್ಗೆ ಏಳುವಾಗಲೇ ಸುಸ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ "ಎಂತದೂ ಇಲ್ಲ" ಎಂದರು. ರಕ್ತದಲ್ಲಿ ಅಂಥದ್ದೆಲ್ಲ ಕಾಣುವುದಿಲ್ಲ.

ನನ್ನದು ಕಾಪುವಿನಲ್ಲಿ ಹೆದ್ದಾರಿ ಬದಿಯ ಒಂದು ಗಾಜಿನ ಅಂಗಡಿ. ಕಿಟಕಿಗೆ ಗಾಜು, ದೇವರ ಪಟಕ್ಕೆ ಕಟ್ಟು, ಬೇಕರಿಯ ಕಪಾಟಿಗೆ ಜಾರುವ ಬಾಗಿಲು, ಹೀಗೆ ಬಂದ ಕೆಲಸವನ್ನೆಲ್ಲ ಮಾಡುತ್ತೇನೆ. ಓದಿದ್ದು ಏಳನೆಯ ತರಗತಿ. ಕನ್ನಡ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅಕ್ಷರಗಳ ಗುರುತುಂಟು, ಅವು ಒಟ್ಟು ಸೇರಿದರೆ ಗುರುತು ತಪ್ಪುತ್ತದೆ. ನಮ್ಮ ಕಸುಬಿನಲ್ಲಿ ಗಾಜು ಕೂರಿಸಿದ ಮೇಲೆ ಅದರ ಮೇಲೆ ಬಾಟಲಿಯಲ್ಲಿ ಬರುವ ಗಾಜು ಒರೆಸುವ ನೀಲಿ ನೀರು ಸಿಂಪಡಿಸಿ, ಹಳೆಯ ಪೇಪರಿನಲ್ಲಿ ಗಸಗಸ ಉಜ್ಜಿ, ಹೊಳಪು ತೋರಿಸಿ ಕೊಡುವ ಪದ್ಧತಿ. ಮೂವತ್ತು ವರ್ಷದಿಂದ ಹೀಗೆ ಉಜ್ಜಿದ್ದೇನೆ. ಲೋಕದ ಸುದ್ದಿ ನಾನು ಓದಿದ್ದೆಲ್ಲ ಹೀಗೆ ಉಜ್ಜುವಾಗಲೇ. ಅರ್ಧ ಓದುವಷ್ಟರಲ್ಲಿ ಪೇಪರು ಒದ್ದೆಯಾಗಿ ಹರಿಯುವುದರಿಂದ ಯಾವ ಸುದ್ದಿಯ ಕೊನೆಯೂ ನನಗೆ ಗೊತ್ತಿಲ್ಲ.

ಜಲಜಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕಾರ್ಕಳಕ್ಕೆ ಮದುವೆ ಮಾಡಿಕೊಟ್ಟದ್ದು. ಅಲ್ಲಿ ಚಿನ್ನ ಅಡವಿಟ್ಟುಕೊಂಡು ಸಾಲ ಕೊಡುವ ಒಂದು ಕಚೇರಿಯಲ್ಲಿ ಗುಡಿಸಿ, ಒರೆಸಿ, ಚಹಾ ಕೊಡುವ ಕೆಲಸ ಅವಳದು. ಕ್ಯಾಶ್ ಕೌಂಟರಿಗೆ ಗುಂಡು ತಡೆಯುವ ಗಾಜು ಹಾಕಬೇಕೆಂದು ಮೇಲಿನಿಂದ ಆದೇಶ ಬಂದಾಗ, "ನನ್ನ ತಮ್ಮ ಇದೇ ಕೆಲಸ ಮಾಡುವುದು ಸಾರ್" ಎಂದು ಮ್ಯಾನೇಜರಿಗೆ ನನ್ನ ನಂಬರು ಕೊಟ್ಟದ್ದು ಅವಳೇ. ನಿಜ ಹೇಳುವುದಾದರೆ ಅಂಥ ಗಾಜನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅದನ್ನು ನಾವು ಕೊಯ್ಯುವಂತಿಲ್ಲ. ಅಳತೆ ಕೊಟ್ಟರೆ ಕಂಪೆನಿಯಿಂದಲೇ ತಯಾರಾಗಿ ಮರದ ಪೆಟ್ಟಿಗೆಯಲ್ಲಿ ಬರುತ್ತದೆ. ಎರಡು ಬೆರಳು ದಪ್ಪ. ಒಂದು ತುಂಡನ್ನು ಎತ್ತಲು ನಾವು ಆರು ಜನ ಬೇಕಾಯಿತು. ಒಳಮೈಗೆ ಒಂದು ಇಂಗ್ಲಿಷ್ ಕಾಗದ ಅಂಟಿಸಿದ್ದರು. ನಾನು ಅದನ್ನು ಗಂಭೀರವಾಗಿ ಮೇಲಿನಿಂದ ಕೆಳಗೆ ನೋಡಿ, ತಲೆಯಾಡಿಸಿ, ಕಿತ್ತು ಮಡಚಿ ಕಿಸೆಗೆ ಹಾಕಿದೆ. ಓದುಬರಹ ಕಡಿಮೆ ಇರುವವರು ಕಾಗದ ನೋಡುವ ಗಾಂಭೀರ್ಯ ವಕೀಲರಿಗೂ ಬಾರದು.

ಕೆಲಸ ಮುಗಿದ ಮೇಲೆ ಜಲಜಕ್ಕ ಬಟ್ಟೆ, ಬಕೆಟ್ಟು ಹಿಡಿದುಕೊಂಡು ಬಂದು ಕೇಳಿದಳು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಶೇಖರ, ಇದನ್ನು ಎಂತದರಲ್ಲಿ ಒರೆಸುವುದು? ಬರೇ ಸಾಬೂನು ನೀರು ಸಾಕಾ?"

"ಗಾಜು ಗಾಜೇ ಅಲ್ವಾ ಅಕ್ಕ? ನೀಲಿ ನೀರು ಹಾಕು, ಪೇಪರಿನಲ್ಲಿ ಉಜ್ಜು."

"ಆ ಕಾಗದದಲ್ಲಿ ಎಂತ ಬರೆದದ್ದು?"

"ಅದು ಕಂಪೆನಿಯವರ ಜಾಹೀರಾತು."

ಅಕ್ಕ ನಂಬಿದಳು. ಅವಳು ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ. ದಿನಕ್ಕೆ ಎರಡು ಸಲ ಉಜ್ಜಿದಳು. ಆರು ತಿಂಗಳಿಗೆ ಗಾಜಿನ ಒಳಮೈ ಮಂಜು ಕವಿದ ಹಾಗೆ ಆಯಿತು. ಹತ್ತಿರ ಹೋಗಿ ನೋಡಿದರೆ ಜೇಡನ ಬಲೆಯಂತೆ ಸಣ್ಣ ಸಣ್ಣ ಬಿರುಕು. ಗಿರಾಕಿಗೆ ಒಳಗಿನವರ ಮುಖ ಕಾಣದು, ಒಳಗಿನವರಿಗೆ ಗಿರಾಕಿಯ ಮುಖ ಕಾಣದು. ನನ್ನನ್ನು ಕರೆಸಿದರು. ನಾನು ಅಲ್ಲಿಂದಲೇ ಕಂಪೆನಿಯವರಿಗೆ ಫೋನು ಹಚ್ಚಿ, ಮ್ಯಾನೇಜರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದೆ. ಆಚೆಯವ ಒಂದೇ ಮಾತಿಗೆ ಮುಗಿಸಿದ. ಒಳಗಿನ ಪದರ ಗಾಜಲ್ಲ, ಪ್ಲಾಸ್ಟಿಕ್ಕು, ಅಮೋನಿಯಾ ಇರುವ ನೀಲಿ ನೀರು ತಾಗಿದರೆ ಅದು ಹಾಳು, ಒರೆಸಿದವರ ತಪ್ಪು.

ಮ್ಯಾನೇಜರು ಧಾರವಾಡದ ಕಡೆಯವರು. "ಯಾರ್ರೀ ಇದನ್ನ ಒರಸಿದ್ದು?" ಎಂದರು.

"ನಾನು ಸಾರ್," ಎಂದಳು ಜಲಜಕ್ಕ.

"ಹಿಂಗ ಒರಸ್ರಿ ಅಂತ ನಿಮಗ ಯಾರು ಹೇಳಿದ್ರು?"

ಅಕ್ಕ ನನ್ನನ್ನು ನೋಡಿದಳು. ಒಂದೇ ಸಲ. ನಾನು ಕೈಯಲ್ಲಿದ್ದ ಅಳತೆ ಟೇಪನ್ನು ನೋಡಿದೆ. ಅದೇ ಕಚೇರಿಯ ಉಡುಪಿ, ಮಣಿಪಾಲದ ಶಾಖೆಗಳ ಕೆಲಸವೂ ನನಗೇ ಸಿಗುವುದಿತ್ತು. ಟೇಪನ್ನು ಎಳೆದೆ, ಬಿಟ್ಟೆ, ಮತ್ತೆ ಎಳೆದೆ.

"ಯಾರೂ ಇಲ್ಲ ಸಾರ್," ಎಂದಳು ಅಕ್ಕ. "ಮನೆಯಲ್ಲಿ ಒರೆಸುವ ಹಾಗೆ ಒರೆಸಿದೆ."

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೇ ವಾಸಿಯಿತ್ತೋ ಏನೋ. ಹೊಸ ಗಾಜು ಬಂದ ಮೇಲೆ ಕೌಂಟರಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದರು: "ಈ ಗಾಜನ್ನು ಜಲಜ ಅವರು ಒರೆಸಬಾರದು." ದಿನಾ ಬೆಳಿಗ್ಗೆ ಆ ಚೀಟಿಯ ಅಡಿಯಲ್ಲೇ ಅವಳು ನೆಲ ಒರೆಸಬೇಕು. ಅಲ್ಲಿನ ಗುಮಾಸ್ತ ಒಬ್ಬನಿಗೆ ಅದೊಂದು ಮುಗಿಯದ ತಮಾಷೆ. "ಕೋವಿಗೆ ಬಗ್ಗದ ಗಾಜು ನಮ್ಮ ಜಲಜಕ್ಕನ ಪೇಪರಿಗೆ ಬಗ್ಗಿತು, ಇವರನ್ನು ಗಡಿಗೆ ಕಳಿಸಬೇಕು ಮಾರಾಯ್ರೆ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಅಕ್ಕನೂ ನಗುತ್ತಿದ್ದಳಂತೆ. ಭಾವನೇ ಒಮ್ಮೆ ಹೇಳಿದರು, ಈಗೀಗ ಮನೆಯಲ್ಲಿ ಕನ್ನಡಿ ಒರೆಸುವಾಗಲೂ ಅವಳು ಕೇಳಿ ಒರೆಸುತ್ತಾಳೆ ಎಂದು. ಯಾರ ಮನೆಯ ಮದುವೆಗೆ ಹೋದರೂ ಪಾತ್ರೆ ತೊಳೆಯುವುದರಿಂದ ಹೂ ಕಟ್ಟುವವರೆಗೆ ತಾನೇ ಮುಂದೆ ನಿಂತು ಮಾಡುತ್ತಿದ್ದ ಹೆಂಗಸು ಅವಳು.

ಆ ಇಂಗ್ಲಿಷ್ ಕಾಗದವನ್ನು ನಾನು ಬಿಸಾಡಿರಲಿಲ್ಲ. ಅಂಗಡಿಯಲ್ಲಿ ಚಹಾದ ಫ್ಲಾಸ್ಕಿನ ಅಡಿಗೆ ಇಟ್ಟಿದ್ದೆ. ಮಣಿಪಾಲದಲ್ಲಿ ಕಾಲೇಜಿನ ಮಾಸ್ಟ್ರೊಬ್ಬರ ಮನೆಗೆ ಕಿಟಕಿ ಗಾಜು ಹಾಕಲು ಹೋದಾಗ, ಯಾರದೋ ಕಾಗದ ಎಂಬಂತೆ ತೋರಿಸಿದೆ. ಅವರು ಓದಿ ಹೇಳಿದರು. ಮೊದಲ ಸಾಲೇ ಒರೆಸುವ ವಿಷಯ: ಮೆತ್ತನೆ ಬಟ್ಟೆ, ಸಾಬೂನು ನೀರು, ಬೇರೇನೂ ಕೂಡದು. ಅಂದರೆ ಅಕ್ಕ ಮೊದಲೇ ಕೇಳಿದ್ದು ಸರಿಯಿತ್ತು.

ಮಾಸ್ಟ್ರಿಗೆ ಕಲಿಸುವ ಚಟ. ಆ ಗಾಜು ಹೇಗೆ ಕೆಲಸ ಮಾಡುತ್ತದೆಂದೂ ವಿವರಿಸಿದರು. ನಾನು ಇಷ್ಟು ದಿನ ಅದು ತುಂಬ ಗಟ್ಟಿ, ಒಡೆಯುವುದೇ ಇಲ್ಲ ಎಂದುಕೊಂಡಿದ್ದೆ. ಹಾಗಲ್ಲವಂತೆ. ಪತ್ರೊಡೆಯಲ್ಲಿ ಎಲೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಲೆ ಇಟ್ಟ ಹಾಗೆ ಅದರಲ್ಲಿ ಗಾಜು ಮತ್ತು ಪ್ಲಾಸ್ಟಿಕ್ಕಿನ ಪದರಗಳನ್ನು ಬಿಸಿಯಲ್ಲಿ ಒತ್ತಿ ಒಂದು ಮಾಡಿರುತ್ತಾರೆ. ಗುಂಡು ಬಂದು ಬಡಿದಾಗ ಹೊರಗಿನ ಗಾಜು ಒಡೆಯಲೇಬೇಕು. ಒಡೆಯುತ್ತ ಅದು ಗುಂಡಿನ ಮೂತಿಯನ್ನು ಚಪ್ಪಟೆ ಮಾಡುತ್ತದೆ, ಅದರ ವೇಗವನ್ನು ತಿನ್ನುತ್ತದೆ. ಒಳಗಿನ ಮೆತ್ತನೆಯ ಪದರ ಒಡೆಯದೆ ಹಿಗ್ಗಿ, ಸುಸ್ತಾದ ಗುಂಡನ್ನು ಹಿಡಿದುಕೊಳ್ಳುತ್ತದೆ. ಗಾಜಿನ ಚೂರು ಒಳಗಿದ್ದವರ ಮುಖಕ್ಕೆ ಹಾರದಂತೆ ತಡೆಯುವುದೂ ಅದೇ. ಗುಂಡು ತಡೆಯುವ ಆ ಪದರಕ್ಕೆ ಪೇಪರಿನಲ್ಲಿ ಉಜ್ಜಿದರೂ ಗೀರು ಬೀಳುತ್ತದೆ. ಯಾವ ಗಾಜೂ ಎಲ್ಲ ಗುಂಡುಗಳನ್ನೂ ತಡೆಯುವುದಿಲ್ಲ. ಇಂಥ ಕೋವಿ, ಇಷ್ಟು ಏಟು ಎಂದು ಲೆಕ್ಕವುಂಟು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ ಒಂದಲ್ಲ ಒಂದು ಏಟು ದಾಟಿ ಬರುತ್ತದೆ. ಇದನ್ನು ಕೇಳುವಾಗ ನನಗೆ ಆ ಗುಮಾಸ್ತನ ತಮಾಷೆ ನೆನಪಾಯಿತು.

ಅಂದಿನಿಂದ ಇಂಥ ಗಾಜು ಎಲ್ಲಿದ್ದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಬ್ಯಾಂಕು, ಚಿನ್ನದ ಅಂಗಡಿ, ಹಣ ಸಾಗಿಸುವ ವ್ಯಾನು. ಉಡುಪಿಗೆ ದೊಡ್ಡ ಮನುಷ್ಯರು ಬಂದರೆ ಜನ ಅವರ ಮುಖ ನೋಡಲು ನೂಕಾಡುತ್ತಾರೆ, ನಾನು ಅವರ ಕಾರಿನ ಕಿಟಕಿಯ ಅಂಚು ನೋಡಲು ನೂಕಾಡುತ್ತೇನೆ. ಒಮ್ಮೆ ಪೊಲೀಸರು "ಎಂತ ನೋಡುವುದು?" ಎಂದು ಗದರಿಸಿದರು. "ಪದರ" ಎಂದೆ. ಅರ್ಧ ಗಂಟೆ ನಿಲ್ಲಿಸಿಕೊಂಡರು. ಉಡುಪಿ, ಮಣಿಪಾಲದ ಶಾಖೆಗಳ ಗಾಜು ಕೂರಿಸಿದವನೂ ನಾನೇ. "ಮೆತ್ತನೆ ಬಟ್ಟೆ, ಸಾಬೂನು ನೀರು, ನೀಲಿ ನೀರು ಮುಟ್ಟಲೇಬೇಡಿ" ಎಂದು ಅಲ್ಲಿಯವರಿಗೆ ಬೆರಳೆತ್ತಿ ಪಾಠ ಮಾಡಿ ಬಂದೆ. ಅವರು ನನ್ನನ್ನು ಬಹಳ ತಿಳಿದವನೆಂದು ಗೌರವಿಸಿದರು. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ತಪ್ಪು ಮಾಡಿದವರು ದೇವರ ಮುಂದೆ ತಪ್ಪು ಕಾಣಿಕೆ ಹಾಕಿ, ಕೈಮುಗಿದು ಬರುವುದು ನಮ್ಮ ಕಡೆಯ ಪದ್ಧತಿ. ಅದರಲ್ಲಿ ಒಂದು ಅನುಕೂಲ: ದೇವರು ಎದುರು ಪ್ರಶ್ನೆ ಕೇಳುವುದಿಲ್ಲ. ಮೊದಲು ಉಚ್ಚಿಲದ ದೇವಸ್ಥಾನದಲ್ಲಿ ಹಾಕಿದೆ. ಸುಸ್ತು ಹೋಗಲಿಲ್ಲ. ಕಡಿಯಾಳಿಯಲ್ಲಿ ಹಾಕಿದೆ. ಆಗಲೂ ಹೋಗಲಿಲ್ಲ. ದೇವರಿಗೆ ವಿಷಯ ಸರಿಯಾಗಿ ಮುಟ್ಟಲಿಲ್ಲವೋ ಏನೋ ಎಂದು ಕಳೆದ ಜೂನಿನಲ್ಲಿ ಒಂದು ಬೆಳಿಗ್ಗೆ ಸ್ಕೂಟರ್ ಹತ್ತಿ ಪೆರ್ಡೂರಿಗೆ ಹೋದೆ. ಅಲ್ಲಿ ಪ್ರಸಾದ ಕೊಡುತ್ತಿದ್ದ ವಯಸ್ಸಾದ ಭಟ್ಟರು ನನ್ನ ಮುಖ ನೋಡಿ ಕೇಳಿದರು.

"ಹರಕೆಯಾ?"

"ಅಲ್ಲ ಭಟ್ರೇ, ತಪ್ಪು ಕಾಣಿಕೆ."

"ಎಂತ, ಹರಕೆ ಹೇಳಿ ಮರೆತದ್ದಾ?"

"ಅಲ್ಲ. ಅಕ್ಕನಿಗೆ ಒಂದು ಅನ್ಯಾಯ ಮಾಡಿದೆ."

"ಅಕ್ಕ ಇದ್ದಾರಲ್ಲ? ಎಲ್ಲಿ?"

"ಕಾರ್ಕಳದಲ್ಲಿ."

ಭಟ್ಟರು ಪ್ರಸಾದದ ಕೈ ಹಾಗೆಯೇ ಹಿಡಿದು ನಿಂತರು. "ಈ ದೇವರಿಗೆ ನೀನು ಎಂತದೂ ಮಾಡಲಿಲ್ಲ ಅಲ್ವಾ? ಮತ್ತೆ ಇಲ್ಲಿಗೆ ಯಾಕೆ ಬಂದದ್ದು ಮಾರಾಯ? ಪೆಟ್ರೋಲು ಹೆಚ್ಚುಂಟಾ?" ಎಂದು ಪ್ರಸಾದ ಹಾಕಿ, ಹಿಂದೆ ನಿಂತವರಿಗೆ ಕೈ ಚಾಚಿದರು.

ದೇವಸ್ಥಾನದ ಹೊರಗೆ ಬಂದು ಸ್ಕೂಟರಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಮತ್ತೆ ಯಾವ ದೇವಸ್ಥಾನವೂ ನೆನಪಿಗೆ ಬರಲಿಲ್ಲ. ಹಿರಿಯಡ್ಕದ ದಾರಿಯಾಗಿ ಕಾರ್ಕಳಕ್ಕೆ ಹೋದೆ.

ಶಾಲೆ ಶುರುವಾಗುವ ತಿಂಗಳು, ಕಚೇರಿಯ ತುಂಬ ಫೀಸಿಗಾಗಿ ಬಳೆ, ಸರ ಅಡವಿಡಲು ಬಂದವರ ಸಾಲು. ಗಾಜಿನ ಆಚೆ ಅದೇ ಮ್ಯಾನೇಜರು. ಅಕ್ಕ ನೆಲ ಒರೆಸುತ್ತಿದ್ದಳು. ಬಳಿಗೆ ಹೋಗಿ ತುಳುವಿನಲ್ಲಿ ಮೆಲ್ಲಗೆ ಶುರುಮಾಡಿದೆ, "ಅಕ್ಕ, ಆ ದಿನದ ವಿಷಯ..."

"ಕಾಲು ಆಚೆ ಇಡು, ಒದ್ದೆ ಉಂಟು," ಎಂದಳು. ಬಟ್ಟೆ ಹಿಂಡಿ, ತಲೆಯೆತ್ತದೆ, "ನನಗೆ ಗೊತ್ತಿಲ್ಲದ್ದು ಎಂತ ಹೇಳಲಿಕ್ಕೆ ಬಂದದ್ದು ನೀನು?" ಎಂದಳು.

ಅವಳು ಹೇಳಿದ್ದು ಸರಿ. ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಮೂರು ದೇವರುಗಳಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಗಾಜಿನ ಆಚೆ ಇದ್ದರು. ಮ್ಯಾನೇಜರಿಗೆ ತುಳು ಬಾರದು. ಸಾಲಿನವರನ್ನು ದಾಟಿ ಕೌಂಟರಿಗೆ ಹೋಗಿ ಕನ್ನಡದಲ್ಲಿ ಹೇಳಿದೆ. ಅಷ್ಟು ದಪ್ಪದ ಗಾಜು ದನಿಯನ್ನೂ ತಡೆಯುತ್ತದೆ.

"ಏನ್ರೀ? ಕೇಳಸ್ವಲ್ದು! ಜೋರಾಗಿ ಹೇಳ್ರಿ!" ಎಂದರು ಅವರು ಆಚೆಯಿಂದ.

"ಶೇಖರ, ಜನ ನೋಡ್ತಾರೆ ಮಾರಾಯ," ಎಂದಳು ಅಕ್ಕ ಹಿಂದಿನಿಂದ.

ಜನ ಆಗಲೇ ನೋಡುತ್ತಿದ್ದರು. ಆ ಗುಮಾಸ್ತನೂ ಚಿನ್ನ ತೂಗುವುದನ್ನು ನಿಲ್ಲಿಸಿ ನೋಡುತ್ತಿದ್ದ. ನಾನು ಗಂಟಲು ಎತ್ತಿದೆ.

"ಸಾರ್, ಮೊದಲಿನ ಗಾಜು ಹಾಳಾದದ್ದು ನನ್ನಿಂದ. ಸಾಬೂನು ನೀರು ಸಾಕಾ ಅಂತ ಜಲಜಕ್ಕ ಕೇಳಿದ್ದಳು. ಬೇಡ, ನೀಲಿ ನೀರು ಹಾಕು, ಪೇಪರಿನಲ್ಲಿ ಉಜ್ಜು ಅಂದವ ನಾನು. ಆ ಕಾಗದ ಓದಲಿಕ್ಕೆ ನನಗೆ ಬರುವುದಿಲ್ಲ. ಬರುವುದಿಲ್ಲ ಅಂತ ಹೇಳಲಿಕ್ಕೆ ನಾಚಿಕೆಯಾಯಿತು. ನೀವು ಕೇಳಿದ ದಿನ ನಾನು ಇಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ."

ಆಮೇಲೆ ಅಕ್ಕನ ಕಡೆ ತಿರುಗಿದೆ. ಹುಟ್ಟಿದಂದಿನಿಂದ ಅವಳ ಹತ್ತಿರ ಕನ್ನಡದಲ್ಲಿ ಮಾತಾಡಿದವನಲ್ಲ. ಎಲ್ಲರಿಗೂ ತಿಳಿಯಲಿ ಎಂದು ಅದರಲ್ಲೇ, ಅಷ್ಟೇ ಜೋರಾಗಿ ಹೇಳಿದೆ.

"ಅಕ್ಕ, ನಿನ್ನದು ಎಂತ ತಪ್ಪೂ ಇಲ್ಲ. ನಿನ್ನ ಹೆಸರು ಕೆಡಿಸಿದ್ದು ನಾನು, ನಿನ್ನ ತಮ್ಮ. ನನ್ನನ್ನು ಕ್ಷಮಿಸು."