ಡ್ರೈವರ್ ಕಾಕಾ ಮತ್ತು ಚಿಗರಿಯ ಹಸಿವು

ಕಳೆದ ವಾರ ಬಾದಾಮಿಯ ನಮ್ಮ ಮನೆಯಲ್ಲಿ ಜೋಳದ ನುಚ್ಚು ತಳ ಹಿಡಿಯಿತು. ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತುಬಿಟ್ಟಿದ್ದೆ. ಸೀದ ವಾಸನೆ ಮೂಗಿಗೆ ಬಡಿದ ಮೇಲೆ ಓಡಿಬಂದು ಪಾತ್ರೆ ಇಳಿಸಿದೆ, ಕಿಟಕಿ ತೆರೆದೆ. ವಾಸನೆ ಹೋಗಲಿಲ್ಲ. ಅದರ ಜೊತೆಗೇ ಡ್ರೈವರ್ ಕಾಕಾ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು... ಅವರು ಬೇಯಿಸಿದ ನುಚ್ಚು ತಳ ಹಿಡಿಯದ ದಿನ ಕಡಿಮೆ.

ಆಗ ನಾನು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಬಾದಾಮಿಗೆ ವರ್ಗ ಬೇಕೆಂದು ಅರ್ಜಿ ಕೊಟ್ಟು ಕಾಯುತ್ತಿದ್ದೆ. ಊರು ಇದಲ್ಲ, ಮನೆ ಇದಲ್ಲ ಎನ್ನುವ ಚಡಪಡಿಕೆಯಲ್ಲಿ ಹಾಸಿಗೆಯನ್ನೂ ಪೂರ್ತಿ ಬಿಚ್ಚದೆ ಬದುಕುತ್ತಿದ್ದ ಕಾಲ ಅದು. ನನಗೆ ಎರಡು ಕೋಣೆ ಬಾಡಿಗೆಗೆ ಕೊಟ್ಟವರು ಕಾಕಾ. ನಡುವೆ ಒಂದೇ ಅಂಗಳ, ಅಂಗಳದಲ್ಲಿ ಒಂದು ಬೇವಿನ ಗಿಡ. ಆ ಕಡೆ ಅವರೂ ಅವರ ಹೆಂಡತಿ ಕಾಕುನೂ, ಈ ಕಡೆ ನಾನು.

ಕಾಕಾ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಬಾಗಲಕೋಟೆ, ಅಮೀನಗಡ, ಹುನಗುಂದ, ಇಳಕಲ್ ದಾರಿಯಲ್ಲೇ ಅವರ ನೌಕರಿಯ ಬಹುಪಾಲು ಕಳೆದಿತ್ತು. ನಾನು ಆ ಮನೆಗೆ ಹೋಗುವ ಹೊತ್ತಿಗೆ ಅವರು ನಿವೃತ್ತರಾಗಿ ಕೆಲವೇ ತಿಂಗಳಾಗಿತ್ತು. ಕೂತಲ್ಲಿ ಕೂರುತ್ತಿರಲಿಲ್ಲ. ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಗೇಟಿನವರೆಗೆ ಹೋಗಿ ಬರುತ್ತಿದ್ದರು. ಬೆಳಿಗ್ಗೆ ಎದ್ದವರೇ ಬಸ್ ನಿಲ್ದಾಣಕ್ಕೆ ಹೋಗಿ, ಯಾವ ಗಾಡಿ ಬಂತು, ಯಾವುದು ತಡವಾಯಿತು ಎಂದು ನೋಡಿ ಬರುವುದು. ಮಧ್ಯಾಹ್ನ ಮತ್ತೆ ಹೋಗುವುದು.

“ಮನ್ಯಾಗ ಕುಂದರ್ರಿ ಅಂದ್ರ ಕೆಂಡದ ಮ್ಯಾಲ ಕುಂತಂಗ ಮಾಡ್ತಾರ ನೋಡ್ರಿ ಅಕ್ಕೋರ,” ಎನ್ನುತ್ತಿದ್ದರು ಕಾಕು. ನಮ್ಮ ಕಡೆ ಟೀಚರ್ ಎಂದರೆ ಅಕ್ಕೋರು.

ಒಂದು ದಿನ ಕಾಕಾ ನೆಂಟರ ಮನೆಗೆ ಕೊಡಲು ಕರದಂಟು ತರುತ್ತೇನೆಂದು ಅಮೀನಗಡಕ್ಕೆ ಹೋದರು. ಸಂಜೆ ಒಂದು ಗೂಡ್ಸ್ ಆಟೋ ಬಂದು ಗೇಟಿನ ಮುಂದೆ ನಿಂತಿತು. ಕಾಕಾ ಹಿಂದಿನಿಂದ ಇಳಿದರು. ಅವರ ಎರಡೂ ತೋಳಿನ ಮೇಲೆ, ಅವರದೇ ಟವೆಲ್ಲಿನಲ್ಲಿ ಸುತ್ತಿದ ಒಂದು ನಾಯಿ ಇತ್ತು. ಮುಧೋಳ ಜಾತಿಯದು, ಹೆಣ್ಣು. ಉದ್ದ ಮೂತಿ, ಉದ್ದ ಕಾಲು. ಅಷ್ಟು ಬಿಟ್ಟರೆ ಉಳಿದದ್ದು ಎಲುಬು ಮತ್ತು ಚರ್ಮ. ಕುತ್ತಿಗೆಯಲ್ಲಿ ಹಗ್ಗ ಕೊರೆದ ಗಾಯ.

“ಖಾನಾವಳಿ ಹಿಂದ ಕಟ್ಟಿದ್ರು,” ಎಂದರು ಕಾಕಾ. “ಖಾನಾವಳಿ ಬಂದ್ ಆಗೇತಿ. ಬಾಜೂಕ ಚಾದ ಅಂಗಡ್ಯಾಂವನ ಕೇಳಿದ್ರ, ಮುಧೋಳ ನಾಯಿ ಇರೂದ ಹಂಗ ಸಣ್ಣ ಅಂತಾನ. ಸಾಯಾಕ ಬಂದಿದ್ದೂ ಯಾರಿಗೂ ತಿಳಿದಿಲ್ಲ ನೋಡ್ರಿ.”

“ಅದನ್ಯಾಕ ತಂದ್ರಿ?” ಎಂದರು ಕಾಕು. “ನಾಳೆ ಸತ್ರ ಯಾರ್ ಒಯ್ದು ಹಾಕೂದು?”

ಕಾಕಾ ಒಳಗೆ ಹೋದರು. ಹಾಲು ತಂದರು, ತುಪ್ಪ ಸವರಿದ ಚಪಾತಿ ತಂದರು, ಮಧ್ಯಾಹ್ನದ ಅನ್ನ ತಂದರು. ಕೊನೆಗೆ ನೆಂಟರಿಗೆಂದು ತಂದ ಕರದಂಟಿನ ಡಬ್ಬಿಯನ್ನೇ ಒಡೆದರು. ನಾಯಿ ಅಗಿಯದೆ ನುಂಗಿತು. ಹಾಕಿದಷ್ಟೂ ನುಂಗಿತು. ಹಾಕುತ್ತ ಹಾಕುತ್ತ ಕಾಕಾನ ಮುಖ ಅರಳಿತು. ನನಗೂ ಸಂತೋಷವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ... ಹಸಿದ ಜೀವ ಉಣ್ಣುವುದನ್ನು ನೋಡುವುದಕ್ಕಿಂತ ಹೆಚ್ಚಿನ ಸುಖ ಏನಿದೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದಾಗ ಅಂಗಳವೆಲ್ಲ ವಾಂತಿ, ಭೇದಿ. ನಾಯಿ ಬೇವಿನ ಬುಡದಲ್ಲಿ ಅಡ್ಡಬಿದ್ದಿತ್ತು. ಕಾಲು ನಡುಗುತ್ತಿದ್ದವು. ಕಾಕಾ ಅದರ ತಲೆ ಹಿಡಿದು ಕೂತು, “ಚಿಗರೀ, ಏ ಚಿಗರೀ” ಎಂದು ಕರೆಯುತ್ತಿದ್ದರು. ಚಿಗರಿ ಎಂದರೆ ಜಿಂಕೆ. ಇಷ್ಟು ಬೇಗ ಹೆಸರೂ ಇಟ್ಟರಲ್ಲ ಎಂದುಕೊಂಡೆ. ನನ್ನ ಸ್ಕೂಟಿ ತೆಗೆದೆ. ಕಾಕಾ ಹಿಂದೆ ಕೂತು ಅದನ್ನು ತೊಡೆಯ ಮೇಲೆ ಹಾಕಿಕೊಂಡರು. ಜೀವಮಾನವೆಲ್ಲ ಊರವರನ್ನು ಕೂರಿಸಿಕೊಂಡು ಓಡಿಸಿದ ಮನುಷ್ಯ ಆ ದಿನ ನನ್ನ ಹಿಂದೆ ಕೂತು, ದಾರಿಯುದ್ದಕ್ಕೂ “ಹಾರ್ನ್ ಹೊಡೀರಿ ಅಕ್ಕೋರ, ಹಾರ್ನ್ ಹೊಡೀರಿ” ಎನ್ನುತ್ತಿದ್ದರು.

ದನದ ದವಾಖಾನೆಯಲ್ಲಿ ಒಬ್ಬ ಹೆಣ್ಣು ಡಾಕ್ಟರು ಇದ್ದರು. ಸಲೈನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು, ರಕ್ತ ತೆಗೆದುಕೊಂಡರು. ಆಮೇಲೆ ಕಾಕಾನನ್ನು ಕೇಳಿದರು, “ಏನ್ ಹಾಕೀರಿ ಇದಕ್ಕ?”

ಕಾಕಾ ಎಲ್ಲವನ್ನೂ ಹೇಳಿದರು. ಕರದಂಟು ಎಂದಾಗ ಡಾಕ್ಟರು ತಲೆ ಎತ್ತಿ ನೋಡಿದರು.

“ಭಾಳ ದಿನ ಹಸದ ಜೀವಕ್ಕ ಒಮ್ಮಿಗೆ ಹೊಟ್ಟಿ ತುಂಬ ಹಾಕಬಾರ್ದ್ರಿ. ಅದರಾಗ ಸಿಹಿ, ಅನ್ನ, ಚಪಾತಿ ಅಂತೂ ಮೊದಲ ಬ್ಯಾಡ. ರಕ್ತದಾಗಿನ ಉಪ್ಪಿನಂಶ ಏರುಪೇರಾಗಿ ಹೃದಯಾನ ನಿಂತುಬಿಡ್ತೈತಿ. ಉಪವಾಸದಿಂದ ಉಳದದ್ದು ಊಟದಿಂದ ಸಾಯ್ತೈತಿ.”

ಎರಡು ದಿನ ಅಲ್ಲಿಯೇ ಇಟ್ಟುಕೊಂಡು, ಮನೆಗೆ ಕಳಿಸುವಾಗ ಹೇಗೆ ಉಣಿಸಬೇಕೆಂದು ಹೇಳಿದರು. ಒಂದೊಂದು ಹಿಡಿಯಷ್ಟೇ, ಆದರೆ ದಿನಕ್ಕೆ ಹಲವು ಸಲ. ಕುದಿಸಿದ ತತ್ತಿ, ಕೋಳಿಯ ಮೆತ್ತನೆ ಮಾಂಸ. ಹೊಟ್ಟೆ ತಡೆದುಕೊಂಡರೆ ಮಾತ್ರ ಮರುದಿನ ಸ್ವಲ್ಪ ಹೆಚ್ಚು. ನುಚ್ಚು, ಅನ್ನ ಆಮೇಲೆ. ಮೈಯಲ್ಲಿ ಕಸುವು ಬಂದ ಮೇಲೆ ಜಂತಿನ ಔಷಧ. ವಾರಕ್ಕೊಮ್ಮೆ ತೂಕ.

ತತ್ತಿ ಎಂದಾಗಲೇ ಕಾಕಾ ನನ್ನ ಮುಖ ನೋಡಿದ್ದರು. ಅವರದು ಲಿಂಗಪೂಜೆಯ ಮನೆ. ತತ್ತಿ, ಮಾಂಸ ಹೊಸ್ತಿಲ ಒಳಗೆ ಬಂದದ್ದೇ ಇಲ್ಲ. ಮನೆಗೆ ಬಂದು ಈ ವಿಷಯ ಹೇಗೆ ಎತ್ತುವುದೆಂದು ತಿಳಿಯದೆ ಅವರು ಅಂಗಳದಲ್ಲಿ ಹಿಂದೆ ಮುಂದೆ ತಿರುಗುತ್ತಿದ್ದರು. ಎಲ್ಲ ಕೇಳಿಸಿಕೊಂಡ ಕಾಕು ನನ್ನ ಕಡೆ ತಿರುಗಿ, “ನಿಮ್ಮ ಕ್ವಾಣ್ಯಾಗ ಕುದಸ್ರಿ ಅಕ್ಕೋರ. ಹೆಂಗೂ ಕಿಡಕಿ ಹಾಕ್ಕೊಂಡು ಕುದಸ್ತೀರಲ್ಲ,” ಎಂದರು. ನಾನು ಕದ್ದುಮುಚ್ಚಿ ತತ್ತಿ ಕುದಿಸುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಹೀಗೆ ತತ್ತಿ, ಕೋಳಿ ನನ್ನ ಪಾಲಿಗೆ ಬಂತು. ಕೆಲವು ದಿನ ಕಳೆದು ಡಾಕ್ಟರು ಒಪ್ಪಿದ ಮೇಲೆ ನುಚ್ಚು ಬೇಯಿಸುವುದು ಕಾಕಾನ ಪಾಲಿಗೆ ಬಂತು. ಅಂಗಳದಲ್ಲೇ ಮೂರು ಕಲ್ಲು ಹೂಡಿ ಪಾತ್ರೆ ಇಡುತ್ತಿದ್ದರು. ಅದು ಕುದಿಯುವವರೆಗೆ ನಿಲ್ಲುವ ತಾಳ್ಮೆ ಅವರಲ್ಲಿ ಇರಲಿಲ್ಲ. ಎಲ್ಲಿಗೋ ಹೋಗಿಬಿಡುತ್ತಿದ್ದರು. ನುಚ್ಚು ಸೀಯುತ್ತಿತ್ತು. ಕಾಕು ಬೈಯುತ್ತ ಮೇಲಿನದನ್ನಷ್ಟೇ ಬಳಿದು ಆರಲು ಇಡುತ್ತಿದ್ದರು.

ನಿಜವಾದ ಕಷ್ಟ ಬೇಯಿಸುವುದರಲ್ಲಿ ಇರಲಿಲ್ಲ, ಕಡಿಮೆ ಹಾಕುವುದರಲ್ಲಿ ಇತ್ತು. ಚಿಗರಿ ತನ್ನ ಹಿಡಿಯಷ್ಟನ್ನು ನೆಕ್ಕಿ ಮುಗಿಸಿ, ಖಾಲಿ ತಟ್ಟೆಯನ್ನು ಮೂತಿಯಿಂದ ತಳ್ಳುತ್ತ ಅಂಗಳದ ಆ ತುದಿಯವರೆಗೆ ಒಯ್ಯುತ್ತಿತ್ತು. ಆಮೇಲೆ ತಲೆ ಎತ್ತಿ ನಮ್ಮನ್ನು ನೋಡುತ್ತಿತ್ತು. ಕಾಕಾಗೆ ಅದನ್ನು ತಡೆಯಲು ಆಗುತ್ತಿರಲಿಲ್ಲ.

“ಅದರ ಕಣ್ಣ ನೋಡಾಕ ಆಗೂದಿಲ್ರಿ,” ಎಂದು ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣಕ್ಕೆ ಹೊರಟುಬಿಡುತ್ತಿದ್ದರು. ಅರ್ಧ ದಾರಿಯಿಂದಲೇ ತಿರುಗಿ ಬಂದು, “ಹಾಕೂ ಹೊತ್ತಾತೇನು?” ಎಂದು ಕೇಳುತ್ತಿದ್ದರು. ಆಗಿರುತ್ತಿರಲಿಲ್ಲ. ಮತ್ತೆ ಹೊರಡುತ್ತಿದ್ದರು. ಶಾಲೆಯಲ್ಲಿ ಪಾಠ ಮಾಡುವಾಗ ನನಗೂ ಅದೇ ಚಿಂತೆ. ಈಗ ಉಂಡಿತೋ, ವಾಂತಿ ಮಾಡಿತೋ, ಮಲಗಿದ್ದು ಎದ್ದಿತೋ... ಸಂಜೆ ಮನೆಗೆ ಬಂದು ಗೇಟು ತೆರೆಯುವ ಮೊದಲೇ ಬೇವಿನ ಬುಡದ ಕಡೆ ನೋಡುತ್ತಿದ್ದೆ.

ಒಮ್ಮೆ ಕಾಕಾ ಜೇಬಿನಲ್ಲಿ ರೊಟ್ಟಿಯ ಚೂರು ಇಟ್ಟುಕೊಂಡು ಕದ್ದು ಹಾಕಲು ಹೋಗಿ ಕಾಕುನ ಕೈಗೆ ಸಿಕ್ಕಿಬಿದ್ದರು. ಕಾಕು ದನಿ ಏರಿಸಲಿಲ್ಲ.

“ಮಾಯಾ ಮಾಡಿ ಕೊಲ್ಲಬ್ಯಾಡ್ರಿ,” ಎಂದರು ಅಷ್ಟೇ. ಮಾಯಾ ಎಂದರೆ ಪ್ರೀತಿ.

ಆ ದಿನದಿಂದ ತಟ್ಟೆ ಕಾಕುನ ಕೈಗೆ ಹೋಯಿತು. ‘ನಾಳೆ ಸತ್ರ’ ಎಂದವರೇ ಹೊತ್ತು ತಪ್ಪದೆ, ಅಳತೆ ತಪ್ಪದೆ ಉಣಿಸಿದರು. ಮಡಿ ಕೆಡದಿರಲೆಂದು ಬೇರೆ ಸೀರೆ ಇಟ್ಟುಕೊಂಡರು. ತತ್ತಿ ಬೆರೆಸಿದ ನುಚ್ಚನ್ನು ಮುಖ ಆ ಕಡೆ ತಿರುಗಿಸಿ ಕಲಸುತ್ತಿದ್ದರು.

ಆ ದಿನಗಳಲ್ಲೇ ಒಂದು ಸಂಜೆ ಕಾಕಾ ನನಗೆ ಮೂಲದ ಸಂಗತಿ ಹೇಳಿದ್ದು. ಆ ಖಾನಾವಳಿ ಅವರ ಬಸ್ಸು ಊಟಕ್ಕೆ ನಿಲ್ಲುತ್ತಿದ್ದ ಜಾಗ. ಚಿಗರಿಯನ್ನು ಮರಿ ಇದ್ದಾಗಿನಿಂದ ನೋಡಿದವರು. ದಿನಾ ತಮ್ಮ ತಟ್ಟೆಯ ಒಂದು ತುಣುಕು ರೊಟ್ಟಿ ಅದಕ್ಕೆ. ಹೆಸರೂ ಅಲ್ಲಿಯದೇ.

“ನಾ ರಿಟೈರ್ ಆದೆ. ಗಾಡಿ ಅಲ್ಲಿ ನಿಂದ್ರೂದು ಬಿಟ್ವು. ಖಾನಾವಳಿ ಬಂದ್ ಆತು. ಇದು ಮಾತ್ರ ಅಲ್ಲೇ ಇತ್ತಲ್ರಿ, ಅಕ್ಕೋರ.” ಚಿಗರಿಯ ಕುತ್ತಿಗೆ ಸವರುತ್ತ ಹೇಳಿದರು, “ಆ ಖಾನಾವಳಿಯಾಂವ ಕೈಯಾಗ ಸಿಗಲಿ, ಕಪಾಳಕ್ಕ ಹೊಡೀತೇನಿ.”

ತೂಕಕ್ಕೆ ನಾವು ಹೋಗುತ್ತಿದ್ದದ್ದು ಒಂದು ಕಿರಾಣಿ ಅಂಗಡಿಯ ಗೋದಾಮಿಗೆ. ಚಿಗರಿ ತಕ್ಕಡಿಯ ಮೇಲೆ ನಿಲ್ಲುತ್ತಿರಲಿಲ್ಲ. ಕಾಕಾ ಅದನ್ನು ಎತ್ತಿಕೊಂಡು ತಾವೇ ನಿಲ್ಲುವುದು, ಆಮೇಲೆ ಅದನ್ನು ಇಳಿಸಿ ತಾವೊಬ್ಬರೇ ನಿಲ್ಲುವುದು, ನಾನು ಕಳೆಯುವುದು. ಒಂದು ವಾರ ಏನೂ ಏರಲಿಲ್ಲ. ಆ ವಾರ ಮೂವರೂ ಸರಿಯಾಗಿ ಮಾತಾಡಲಿಲ್ಲ. ಜಂತಿನ ಔಷಧ ಬಿದ್ದ ಮೇಲೆ ಏರತೊಡಗಿತು. ಕಾಕಾ ಸುದ್ದಿಯನ್ನು ನಿಲ್ದಾಣಕ್ಕೆ ಒಯ್ದರು. ಅಲ್ಲಿಂದ ಅದು ಬಸ್ಸು ಹತ್ತಿ ಬಾಗಲಕೋಟೆಯವರೆಗೆ ಹೋಯಿತು. ನಾನು ಊರಿಗೆ ಹೋಗುವಾಗ ಗುರುತಿಲ್ಲದ ಡ್ರೈವರೊಬ್ಬರು, “ನೀವು ನಮ್ಮ ಅಣ್ಣಾರ ಮನ್ಯಾಗಿನ ಅಕ್ಕೋರಲ್ಲ? ನಾಯಿ ಎಷ್ಟ ಏರೇತ್ರಿ?” ಎಂದು ಕೇಳಿದ್ದು ನೆನಪಿದೆ.

ಬೇಸಿಗೆ ಬರುವ ಹೊತ್ತಿಗೆ ಚಿಗರಿಯ ಮೈ ಮಿನುಗತೊಡಗಿತು. ಅಂಗಳದ ಈ ತುದಿಯಿಂದ ಆ ತುದಿಗೆ ಓಡಿದರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಕಾಗೆ ಮಾತ್ರ ಇನ್ನೂ ಸಾಲದು. “ಪಕ್ಕಡಿ ಕಾಣಾಕತ್ತಾವಲ್ರಿ,” ಎಂದು ಅದರ ಪಕ್ಕೆಲುಬು ತೋರಿಸಿ ಡಾಕ್ಟರನ್ನು ಕೇಳಿದರು. ಡಾಕ್ಟರು ನಕ್ಕರು. “ಕಾಣ್ಲಿ ಬಿಡ್ರಿ. ಮುಧೋಳ ಜಾತಿಗೆ ಎರಡ್ಮೂರು ಪಕ್ಕಡಿ ಕಾಣಬೇಕ. ಬೆನ್ನಿನ ಎಲುಬು, ಸೊಂಟದ ಎಲುಬು ಕೈಗೆ ಚುಚ್ಚಬಾರ್ದು, ಅಷ್ಟ. ಇನ್ನ ತುಂಬಿಸಬ್ಯಾಡ್ರಿ.”

ಅದಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಗೇಟಿನಲ್ಲಿ ನಿಂತಿದ್ದ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಬೇವಿನ ನೆರಳಿನಲ್ಲಿ ಮಲಗಿದ್ದ ಚಿಗರಿ ಕಿವಿ ನಿಮಿರಿಸಿತು. ನಾವು ಎಂದೂ ಕೇಳದ ಒಂದು ದನಿ ಅದರ ಗಂಟಲಿನಿಂದ ಬಂತು. ಓಡಿಹೋಗಿ ಅವನ ಕಾಲಿಗೆ ಸುತ್ತಿಕೊಂಡಿತು. ಅವನು ಗೇಟು ಹಿಡಿದು ನಿಂತ, ಇಲ್ಲದಿದ್ದರೆ ಬೀಳುತ್ತಿದ್ದ.

ಖಾನಾವಳಿಯವನು. ಡ್ರೈವರುಗಳಿಂದ ಸುದ್ದಿ ಕೇಳಿ ಬಂದಿದ್ದ.

ಕಾಕಾ ಎದ್ದು ನಿಂತರು. ಕಪಾಳಕ್ಕೆ ಹೊಡೆಯುವ ಮಾತು ನನಗೆ ನೆನಪಾಯಿತು. “ಕಟ್ಟಿ ಹೋದಾಂವ ನೀ,” ಎಂದರು. “ಬಿಚ್ಚಿ ಹೋಗಿದ್ರ ಎಲ್ಲೆರೆ ತಿಂದ ಬದುಕತಿತ್ತು. ಕಟ್ಟಿ ಹೋದಿ.”

“ಅಡಗಿಯಾಂವಗ ಕೈ ಮುಗದ ಹೇಳಿ ಹೋಗಿದ್ದೆ, ಅಣ್ಣಾ. ಹೊಟ್ಟಿ ಆಪರೇಷನ್ ಆತು. ನಾ ಉಳಿಯೂದಿಲ್ಲ ಅಂತ ತಿಳದ ಅಂವ ಊರಿಗೆ ಹೋಗಿಬಿಟ್ಟಾನ. ನನಗ ಎಚ್ಚರಿಲ್ಲ.” ಅವನು ಚಿಗರಿಯ ಬೆನ್ನ ಮೇಲೆ ಕೈಯಾಡಿಸಿದ. “ಇದನ್ನ ಒಯ್ಯಬೇಕಂತ ಬಂದೇನಿ. ಮನ್ಯಾಗ ನನ್ನ ಬಿಟ್ರ ಯಾರಿಲ್ಲ.”

ಕಾಕಾ ಗೇಟಿನವರೆಗೆ ಹೋದರು, ಬಂದರು. ಮತ್ತೆ ಹೋದರು. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾಕಾ ತಿರುಗಿ ಬಂದು ಅವನನ್ನು ಕೇಳಿದರು, “ನೀ ಏನ್ ಉಣ್ಣಾಕತ್ತಿ ಈಗ?”

“ಗಂಜಿ. ಸ್ವಲ್ಪ ಸ್ವಲ್ಪ ಉಣ್ಣು ಅಂದಾರ ಡಾಕ್ಟರು. ಅದೂ ಕೆಲವೊಮ್ಮೆ ನಿಂದ್ರೂದಿಲ್ಲ.”

ಕಾಕಾ ಕಟ್ಟೆಯ ಮೇಲೆ ಅವನ ಪಕ್ಕ ಕೂತರು. ಕೈ ತೊಡೆಯ ಮೇಲೆ, ಕಾಲು ಅಲುಗಿಸದೆ ಅವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ, “ಒಯ್ಯಿ,” ಎಂದರು. “ಹಗ್ಗ ಕಟ್ಟಬ್ಯಾಡ.”

“ನನ್ನ ಕೇಳೂದಿಲ್ಲೇನ್ರಿ?” ಎಂದರು ಕಾಕು ಬಾಗಿಲಿನಿಂದ. ಕಾಕು ಒಳಗೆ ಹೋದವರು ಚಿಗರಿ ಗೇಟು ದಾಟುವವರೆಗೆ ಹೊರಗೆ ಬರಲಿಲ್ಲ. ಕಾಕಾ ಅವನಿಗೆ ಹಿಡಿಯ ಅಳತೆಯನ್ನು ತಮ್ಮ ಕೈಯಲ್ಲೇ ತೋರಿಸಿ, ಒಂದು ಚೀಲ ನುಚ್ಚು ಕೊಟ್ಟು ಕಳಿಸಿದರು.

ಕಾಕು ಎಷ್ಟೋ ದಿನ ಅವರೊಂದಿಗೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ಸೋಮವಾರ ಕಾಕಾ ಅಮೀನಗಡಕ್ಕೆ ಹೊರಟಾಗ ತಾವೂ ಸೀರೆ ಉಟ್ಟು ನಿಂತರು. ಅಲ್ಲಿಂದ ಅದೇ ರೂಢಿಯಾಯಿತು. ಸೋಮವಾರ ಬಂತೆಂದರೆ ಇಬ್ಬರೂ ಬಸ್ಸು ಹತ್ತುವುದು, ಚಿಗರಿಯ ಬೆನ್ನಿಗೆ ಕೈ ಒತ್ತಿ ನೋಡುವುದು, ಖಾನಾವಳಿಯವನಿಗೂ ನಾಯಿಗೂ ಬೇಕಾದ್ದು ಬೇಯಿಸಿಟ್ಟು ಸಂಜೆ ತಿರುಗಿ ಬರುವುದು. ಕಾಕಾಗೆ ಮತ್ತೆ ಓಡಾಡಲು ಒಂದು ದಾರಿ ಸಿಕ್ಕಿತ್ತು. ಖಾನಾವಳಿಯವನು ಮತ್ತೆರಡು ವರ್ಷ ಬದುಕಿದ. ಆಮೇಲೆ ಚಿಗರಿ ಇಳಕಲ್ಲಿನ ಬೇವಿನ ಬುಡಕ್ಕೇ ತಿರುಗಿ ಬಂತು.

ಅಷ್ಟರಲ್ಲಿ ನನಗೆ ಬಾದಾಮಿಗೆ ವರ್ಗವಾಗಿತ್ತು. ಫೋನು ಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ... ಕಾಕಾ ಹೋದ ಸುದ್ದಿ ನನಗೆ ತಿಳಿದದ್ದು ಮಣ್ಣಾದ ಮೂರನೆಯ ದಿನ. “ನಿಂತಲ್ಲೇ ಹೋದ್ರವಾ,” ಎಂದರು ಕಾಕು. ಎದೆನೋವೆಂದು ಗೋಡೆ ಹಿಡಿದವರು ಕುಂದರ್ರಿ ಎಂದರೂ ಕೂರಲಿಲ್ಲವಂತೆ. ಮುಂದಿನ ಚಳಿಗಾಲದಲ್ಲಿ ಚಿಗರಿಯೂ ವಯಸ್ಸಾಗಿ ಹೋಯಿತು. ಕಾಕು ಈಗ ಬಾಗಲಕೋಟೆಯಲ್ಲಿ ತಂಗಿಯ ಜೊತೆ ಇದ್ದಾರೆ.

ಮೊನ್ನೆ ಶಾಲೆಯ ಕೆಲಸಕ್ಕೆ ಹುನಗುಂದಕ್ಕೆ ಹೋಗಬೇಕಾಯಿತು. ಬಸ್ಸು ಅಮೀನಗಡದಲ್ಲಿ ನಿಂತಿತು. ಜನ ಇಳಿದು ಕರದಂಟಿನ ಅಂಗಡಿಗಳ ಕಡೆ ನಡೆದರು. ನಾನೂ ಇಳಿಯೋಣವೆಂದು ಚೀಲ ಹಿಡಿದು ಎದ್ದೆ. ಇಳಿದು ಯಾರನ್ನು ಕೇಳುವುದು, ಏನೆಂದು ಕೇಳುವುದು ಎಂದು ಹೊಳೆಯಲಿಲ್ಲ. ಹಿಂದಿನ ಸೀಟಿನ ಹೆಂಗಸು, “ಇಳೀತೀರೇನ್ರಿ? ಇಲ್ಲಂದ್ರ ದಾರಿ ಬಿಡ್ರಿ,” ಎಂದಳು. ಅವಳಿಗೆ ದಾರಿ ಬಿಟ್ಟೆ. ಬಸ್ಸು ಹೊರಡುವವರೆಗೂ ಕೂರಲಾಗದೆ ಕಂಬ ಹಿಡಿದು ನಿಂತೇ ಇದ್ದೆ.