ಬಂದೇಬಿಟ್ರಕ್ಕನ ನಲವತ್ತೊಂದು ಲಿಫ್ಟುಗಳು

ನಮ್ಮಕ್ಕ ಹತ್ತೊಂಬತ್ತು ವರ್ಷ ಒಂದೇ ಸುಳ್ಳನ್ನು ಹೇಳಿದಳು. ಭಾವ ಇನ್ನೂ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದಾಗಲೇ ಅವಳು ಫೋನಿನಲ್ಲಿ, "ಬಂದೇಬಿಟ್ರು ನೋಡಿ, ನಿಮ್ಮ ಬೀದಿ ತಿರುವಿನಲ್ಲೇ ಇದ್ದಾರೆ" ಎನ್ನುತ್ತಿದ್ದಳು.

ಭಾವನದು ಲಿಫ್ಟ್ ರಿಪೇರಿ ಕೆಲಸ. ಊರಿನ ಹಳೆಯ ಕಟ್ಟಡಗಳ ನಲವತ್ತೊಂದು ಲಿಫ್ಟುಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಪ್ರತಿ ಲಿಫ್ಟಿನೊಳಗೂ ಒಂದು ಕೆಂಪು ಗುಂಡಿ ಇತ್ತು. ಕರೆಂಟು ಹೋಗಿಯೋ ಯಂತ್ರ ಕೆಟ್ಟೋ ಲಿಫ್ಟ್ ನಡುವೆ ನಿಂತರೆ ಒಳಗಿದ್ದವರು ಅದನ್ನು ಒತ್ತಬೇಕು. ಒತ್ತಿದೊಡನೆ ಅಕ್ಕನ ಅಡುಗೆಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಅಕ್ಕ ಮೊದಲು ತನ್ನ ಇನ್ನೊಂದು ಫೋನಿನಿಂದ ಭಾವನಿಗೆ ವಿಳಾಸ ಮುಟ್ಟಿಸುವಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂರುವಳು.

"ನೆಲದ ಮೇಲೇ ಕೂತ್ಕೊಳ್ಳಿ. ಬಟ್ಟೆ ಕೊಳೆಯಾದ್ರೆ ಒಗೀಬಹುದು. ಬೆನ್ನು ಗೋಡೆಗೆ ಕೊಡಿ. ಬಾಗಿಲ ತಂಟೆಗೆ ಹೋಗ್ಬೇಡಿ, ಅದರ ಪಾಡಿಗೆ ಅದಿರಲಿ. ಹೂಂ, ಈಗ ಹೇಳಿ, ಏನು ಕೆಲಸ ನಿಮ್ದು?"

ಹೀಗೆ ಶುರುವಾದ ಮಾತು ಭಾವ ತಲುಪಿ ಬಾಗಿಲು ತೆಗೆಯುವವರೆಗೆ ನಿಲ್ಲುತ್ತಿರಲಿಲ್ಲ. ಸಿಕ್ಕಿಬಿದ್ದವರಿಂದ ಅಕ್ಕ ಬೇಕಾದಷ್ಟು ಕಲಿತಿದ್ದಳು. ಅಂಗಿಗೆ ಕಾಲರು ಕೂರಿಸುವುದನ್ನು ಒಬ್ಬ ದರ್ಜಿಯಿಂದ ಇಪ್ಪತ್ತೆರಡು ನಿಮಿಷದಲ್ಲಿ ಕಲಿತಳು. ಒಂದು ಹುಡುಗಿಗೆ ಹದಿಮೂರರ ಮಗ್ಗಿ ಹೇಳಿಕೊಡಲು ಹೋಗಿ ತಾನೇ ಎರಡು ಕಡೆ ತಪ್ಪಿದಳು. ಅವಳ ಮುಖ ಕಂಡವರು ಕಡಿಮೆ. ದನಿ ಮಾತ್ರ ನಲವತ್ತೊಂದು ಕಟ್ಟಡಗಳಿಗೂ ಗೊತ್ತು. ಬಂದೇಬಿಟ್ರಕ್ಕ ಅನ್ನುವ ಹೆಸರು ಕೊಟ್ಟದ್ದೂ ಅಲ್ಲಿಯವರೇ.

"ನಿಮ್ಮಕ್ಕ ಮಾತಾಡೋದು ನೋಡಿದ್ರೆ ನಾನು ಇನ್ನೂ ಸ್ವಲ್ಪ ನಿಧಾನಕ್ಕೆ ಹೋಗ್ಬೇಕು ಅನ್ಸುತ್ತೆ ಮಾರಾಯ," ಎನ್ನುತ್ತಿದ್ದರು ಭಾವ. "ಹೋದ ವಾರ ಬಾಗಿಲು ತೆಗೆದ್ರೆ ಒಳಗಿದ್ದೋರು, ಒಂದು ನಿಮಿಷ ಇರಿ, ಕತೆ ಮುಗೀತಾ ಬಂತು ಅಂದ್ರು."

ಪ್ರತಿ ಕರೆಯನ್ನೂ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು: ಯಾವ ಕಟ್ಟಡ, ಯಾರು, ಎಷ್ಟು ಹೊತ್ತು. ನಾನು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ಅಂಕಿಗಳನ್ನು ಕಂಡರೆ ಸುಮ್ಮನಿರಲಾರೆ. ಆರುನೂರ ಹನ್ನೆರಡು ಕರೆಗಳಿದ್ದವು. ಒಂದು ಕರೆಯ ಸರಾಸರಿ ಹದಿನೆಂಟು ನಿಮಿಷ. ಗಾಬರಿಯಲ್ಲಿ ಬಾಗಿಲು ಕೀಳಲು ಹೋದವರು ಒಬ್ಬರೂ ಇಲ್ಲ. ಆ ಸೊನ್ನೆಯ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಹೋದ ವರ್ಷ ಅಕ್ಕನ ದನಿ ಒಡೆಯತೊಡಗಿತು. ಸಂಜೆಯಾದರೆ ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಧ್ವನಿತಂತುವಿನ ಮೇಲೆ ಗಂಟೊಂದು ಬೆಳೆದಿದೆ, ತೆಗೆಯಬೇಕು ಎಂದರು ಡಾಕ್ಟರು. ಹತ್ತು ದಿನ ಒಂದು ಮಾತೂ ಕೂಡದು. ಪಿಸುಮಾತು ಇನ್ನೂ ಕೆಟ್ಟದ್ದು. ಆಮೇಲೆ ಮೂರು ತಿಂಗಳು ಫೋನಿನ ಹತ್ತಿರವೇ ಸುಳಿಯಬಾರದು.

ಹಾಗಾದರೆ ಫೋನು ಯಾರು ಎತ್ತುವುದು? ಹೊರಗಿನವರಿಗೆ ಒಪ್ಪಿಸದೆ ಬೇರೆ ದಾರಿ ಇರಲಿಲ್ಲ. ಮನೆಯಲ್ಲಿ ವಿಜ್ಞಾನ ಓದಿದವನು ನಾನೊಬ್ಬನೇ, ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವಾರ ಓಡಾಡಿದೆ. ಮೂರು ಬಗೆಯವರು ಸಿಕ್ಕರು. ಒಂದು, ಹಗಲೂ ರಾತ್ರಿ ಕರೆ ಎತ್ತುವ ಕಂಪನಿ. ಅರವತ್ತು ಜನರಿದ್ದರು, ಮೂರು ಪಾಳಿ. ಎರಡು, ದೊಡ್ಡದೊಂದು ಲಿಫ್ಟ್ ಸಂಸ್ಥೆ. ಕರೆಯನ್ನೂ ತೆಗೆದುಕೊಂಡು ಮೆಕ್ಯಾನಿಕ್ಕನನ್ನೂ ಕಳಿಸುತ್ತದೆ, ಆದರೆ ಒಂದೆರಡು ವರ್ಷದಲ್ಲಿ ಗಿರಾಕಿಗಳನ್ನೇ ನುಂಗುವ ಲಕ್ಷಣವಿತ್ತು. ಮೂರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಹೆಂಗಸೊಬ್ಬರು. ಇಬ್ಬರು ಡಾಕ್ಟರುಗಳ ಮತ್ತು ಒಬ್ಬ ನಲ್ಲಿ ರಿಪೇರಿಯವನ ಕರೆಗಳನ್ನು ಮನೆಯಿಂದಲೇ ನೋಡಿಕೊಳ್ಳುತ್ತಿದ್ದರು.

ನಾನು ಪಟ್ಟಿ ಮಾಡಿದೆ. ಒಂಬತ್ತು ಕಾಲಂ, ಪ್ರತಿಯೊಂದಕ್ಕೂ ಹತ್ತು ಅಂಕ. ಎಷ್ಟು ಸೆಕೆಂಡಿನಲ್ಲಿ ಫೋನು ಎತ್ತುತ್ತಾರೆ, ರಜೆ ಇದೆಯೇ, ಕರೆಯ ದಾಖಲೆ ಸಿಗುತ್ತದೆಯೇ, ಹೀಗೆ. ಕಂಪನಿಯವರು, "ನಮ್ಮಲ್ಲಿ ಒಂದು ಕರೆ ತೊಂಬತ್ತು ಸೆಕೆಂಡು ದಾಟಲ್ಲ ಸರ್" ಎಂದು ಹೆಮ್ಮೆಯಿಂದ ಹೇಳಿದರು. ಆ ಕಾಲಮ್ಮಿನಲ್ಲಿ ಅವರಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ನಿವೃತ್ತ ಆಪರೇಟರಮ್ಮ ಕನ್ನಡಕ ಒರೆಸುತ್ತಾ ಒಂದೇ ಪ್ರಶ್ನೆ ಕೇಳಿದ್ದರು: "ಒಳಗೆ ಸಿಕ್ಕಿಹಾಕ್ಕೊಂಡೋರ ಜೊತೆ ಎಷ್ಟು ಹೊತ್ತು ಮಾತಾಡ್ಬೇಕಾಗುತ್ತೆ?" ನಾನು ಅವರ ಹೆಸರಿನ ಮುಂದೆ 'ಕೆಲಸಕ್ಕೆ ಸಂಬಂಧಿಸದ ಪ್ರಶ್ನೆ' ಎಂದು ಬರೆದುಕೊಂಡೆ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಅಕ್ಕ ಪಟ್ಟಿಯನ್ನು ಎರಡು ಸಲ ಓದಿದಳು. ಆಗಿನ್ನೂ ಗೊಗ್ಗರು ದನಿಯಲ್ಲಿ ಮಾತಾಡುತ್ತಿದ್ದಳು.

"ಆ ಎಕ್ಸ್‌ಚೇಂಜಿನಮ್ಮನಿಗೆ ಯಾಕೋ ಇಷ್ಟು ಕಮ್ಮಿ?"

"ಒಬ್ಬರ ಮೇಲೇ ನಿಂತ ವ್ಯವಸ್ಥೆ ಅಕ್ಕ ಅದು. ನಾಳೆ ಆಕೆಗೆ ಜ್ವರ ಬಂದ್ರೆ?"

"ಹತ್ತೊಂಬತ್ತು ವರ್ಷ ನಡೆದಿದ್ದು ಒಬ್ಬರ ಮೇಲೇ ಅಲ್ವೇನೋ?" ಎಂದು ನಕ್ಕಳು. ನಗು ಕೆಮ್ಮಾಯಿತು. "ಹೋಗ್ಲಿ ಬಿಡು. ನೀನು ಓದಿದವನು, ನಿನಗೆ ತಿಳಿದಿರುತ್ತೆ."

ಕಂಪನಿಯೊಂದಿಗೆ ಒಂದು ವರ್ಷದ ಒಪ್ಪಂದವಾಯಿತು. ಲಿಫ್ಟಿನ ಗುಂಡಿಗೆ ಒಂದೇ ನಂಬರು ಹಾಕಲು ಬರುವುದು. ಭಾವ ನಾಲ್ಕು ದಿನ ತಿರುಗಿ ನಲವತ್ತೊಂದರಲ್ಲೂ ಅಕ್ಕನ ನಂಬರು ಅಳಿಸಿ ಕಂಪನಿಯದನ್ನು ಹಾಕಿದರು.

ಆಪರೇಷನ್ ಆದ ಆರನೆಯ ದಿನ ಭಾನುವಾರ. ನಾನು ಅಕ್ಕನ ಮನೆಯಲ್ಲಿದ್ದೆ. ಮಧ್ಯಾಹ್ನ ಮೂರೂವರೆಗೆ ಕರೆಂಟು ಹೋಯಿತು. ನಾಲ್ಕು ಗಂಟೆಗೆ ಅಡುಗೆಮನೆಯ ಫೋನು ಹೊಡೆದುಕೊಂಡಿತು. ಅಕ್ಕ ಅಭ್ಯಾಸದಿಂದ ಎದ್ದವಳು ಅರ್ಧದಲ್ಲೇ ನಿಂತಳು. ನಾನು ಎತ್ತಿದೆ. ಹತ್ತು ನಿಮಿಷದ ನಡಿಗೆಯಲ್ಲಿದ್ದ ಐದು ಮಹಡಿ ಕಟ್ಟಡದ ವಾಚ್‌ಮನ್ ಮಾತಾಡುತ್ತಿದ್ದ.

"ಸಾರ್, ಲಿಫ್ಟ್ ಒಳಗೆ ದರ್ಜಿ ಅಜ್ಜ ಸಿಕ್ಕಿಹಾಕ್ಕೊಂಡಿದ್ದಾರೆ, ಅರ್ಧ ಗಂಟೆ ಆಯ್ತು. ಅದ್ಯಾರಿಗೋ ಫೋನ್ ಹೋಗ್ತಿದೆಯಂತೆ, ಯಾರೂ ಬಂದಿಲ್ಲ. ಬಾಗಿಲು ಕೀಳ್ತಿದ್ದಾರೆ ಸಾರ್!"

ಅಕ್ಕನಿಗೆ ಕಾಲರು ಕಲಿಸಿದ ದರ್ಜಿ ಅವರು. ಭಾವನಿಗೆ ಫೋನು ಮಾಡಿದೆ, ಸಿಗಲಿಲ್ಲ. ಅವರು ಬೇರೊಂದು ಕಟ್ಟಡದಲ್ಲಿ ಲಿಫ್ಟಿನ ಕೆಳಗಿನ ಹೊಂಡಕ್ಕೆ ಇಳಿದಿದ್ದರು, ಅಲ್ಲಿ ಸಿಗ್ನಲ್ ಇಲ್ಲ. ಕಂಪನಿ ಕಳಿಸಿದ ಮೆಸೇಜುಗಳೂ ಹಾಗೇ ಬಿದ್ದಿದ್ದವು. ಹಿಂದೆ ಇಂಥ ಹೊತ್ತಿನಲ್ಲಿ ಅಕ್ಕ ಭಾವ ಇದ್ದ ಕಟ್ಟಡದವರಿಗೇ ಫೋನು ಮಾಡಿ ಅವರನ್ನು ಕೂಗಿಸುತ್ತಿದ್ದಳು. ಈಗ ಚೀಟಿಯ ಮೇಲೆ ನಂಬರು ಬರೆದು ನನ್ನ ಮುಖಕ್ಕೆ ಹಿಡಿದಳು. ನಾನು ಮಾಡಿದೆ. ಗೋಡೆಯ ಮೊಳೆಯಲ್ಲಿದ್ದ, ಲಿಫ್ಟ್ ಬಾಗಿಲಿನ ತ್ರಿಕೋನದ ಕೀಲಿಯನ್ನು ತೆಗೆದುಕೊಂಡು ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಮೂರನೆಯ ಮಹಡಿಯಲ್ಲಿ ಆ ಕೀಲಿಯಿಂದ ಹೊರಬಾಗಿಲು ತೆಗೆದೆವು. ಲಿಫ್ಟಿನ ಪೆಟ್ಟಿಗೆ ಹೆಚ್ಚುಕಡಿಮೆ ಒಂದು ಮಹಡಿಯಷ್ಟು ಕೆಳಗೆ ನಿಂತಿತ್ತು. ಅದರ ಬಾಗಿಲಿನ ಮೇಲ್ತುದಿ ನಮ್ಮ ನೆಲಕ್ಕಿಂತ ಒಂದು ಗೇಣು ಮಾತ್ರ ಮೇಲಿತ್ತು. ಆ ಗೇಣಗಲದ ಸಂದಿಯಿಂದ ಒಂದು ಕೈ ಮೊಣಕೈವರೆಗೆ ಹೊರಬಂದು ನೆಲದ ಅಂಚನ್ನು ಹಿಡಿದುಕೊಂಡಿತ್ತು. ಅಜ್ಜ ಒಳಬಾಗಿಲನ್ನು ಕತ್ತರಿಯಿಂದ ಮೀಟಿ, ಬಟ್ಟೆಯ ಗಂಟಿನ ಮೇಲೆ ಹತ್ತಿ ನಿಂತಿದ್ದರು.

ಭಾವ ಹದಿನೈದು ನಿಮಿಷದಲ್ಲಿ ಬಂದರು. ಒಂದು ಸಲ ಬಗ್ಗಿ ಸಂದಿಯನ್ನು ನೋಡಿದರು. ಪೆಟ್ಟಿಗೆಯನ್ನು ಸರಿಸಲು ಮೇಲಿನ ಯಂತ್ರದ ಕೋಣೆಯಲ್ಲಿ ಬ್ರೇಕು ಬಿಡಿಸಿ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಸರಿದರೆ ಆ ಸಂದಿ ಕತ್ತರಿಯಂತೆ ಮುಚ್ಚುತ್ತದೆ.

"ಅವರು ಕೈ ಒಳಗೆ ತಗೊಳ್ಳೋವರೆಗೂ ನಾನು ಚಕ್ರ ಮುಟ್ಟಲ್ಲ. ಒಳಗೆ ಹೋದ ತಕ್ಷಣ ಕೂಗಿ," ಎಂದು ಓಡಿದರು. ಸುದ್ದಿ ಮುಟ್ಟಿಸಲು ವಾಚ್‌ಮನ್ ಮೆಟ್ಟಿಲ ತಿರುವಿನಲ್ಲಿ ನಿಂತ.

ನಾನು ನೆಲದ ಮೇಲೆ ಬೋರಲು ಮಲಗಿ ಸಂದಿಯೊಳಗೆ ಕೂಗಿದೆ: "ಅಜ್ಜ, ಮೆಕ್ಯಾನಿಕ್ ಬಂದಿದ್ದಾರೆ. ಕೈ ಒಳಗೆ ತಗೊಳ್ಳಿ."

"ಯಾರ್ರೀ ನೀವು? ಕಂಪನಿಯೋರಾ?"

"ಅಲ್ಲ ಅಜ್ಜ, ನಾನು..."

"ಏಳು ಸಲ ಒತ್ತಿದೆ. ಏಳು ಜನ ಏಳು ಸಲ ಹೆಸರೇನು, ಯಾವ ಕಟ್ಟಡ, ಎಷ್ಟನೇ ಮಹಡಿ ಅಂತ ಕೇಳಿದ್ರು. ನಲವತ್ತು ನಿಮಿಷ ಆಗುತ್ತೆ ಅಂತ ಹೇಳಿ ಇಟ್ಟುಬಿಟ್ರು. ಕೊನೇಲಿ ಒಬ್ಬಳು, ನಿಮ್ಮ ದೂರು ಎರಡು ಸಲ ದಾಖಲಾಗಿದೆ, ಇದನ್ನ ಮುಚ್ತೀನಿ ಅಂದ್ಲು. ನನ್ನನ್ನ ಒಳಗಿಟ್ಟು ದೂರು ಮುಚ್ತಾರಂತೆ! ಕೈ ಒಳಗೆ ತಗೊಂಡ್ರೆ ನೀವು ಈ ಬಾಗಿಲೂ ಮುಚ್ಚಿಕೊಂಡು ಹೋಗ್ತೀರಿ. ಆಗಲ್ಲ."

ಅಕ್ಕ ಸಂದಿಯ ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡಳು. ಕೂಡಲೇ ಅದು ನೆಲದ ಅಂಚನ್ನು ಬಿಟ್ಟು ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಮುಳುಗುತ್ತಿರುವವರು ಹಿಡಿಯುವ ಹಾಗೆ. ಒಳಗೆ ಹೋಗಬೇಕಾದ ಕೈ ಇನ್ನೂ ಸ್ವಲ್ಪ ಹೊರಗೆ ಬಂತು.

"ಇದು ಯಾರ ಕೈ?"

"ಅಕ್ಕನದು. ಫೋನಿನ ಅಕ್ಕ, ಬಂದೇಬಿಟ್ರಕ್ಕ," ಎಂದೆ.

"ಹೌದಾ? ಹಾಗಿದ್ರೆ ಮಾತಾಡ್ಸಿ."

"ಗಂಟಲು ಆಪರೇಷನ್ ಆಗಿದೆ ಅಜ್ಜ, ಮಾತಾಡೋ ಹಾಗಿಲ್ಲ."

"ಓಹೋ! ಮಾತಾಡೋ ಅಕ್ಕನಿಗೇ ಮಾತು ಬರಲ್ವಾ? ಚೆನ್ನಾಗಿ ಕಟ್ತೀರಿ ಕತೆ."

ಮೇಲಿನಿಂದ ವಾಚ್‌ಮನ್ ಕೂಗಿದ: "ಕೈ ಹೋಯ್ತಾ ಅಂತ ಕೇಳ್ತಿದ್ದಾರೆ!"

"ಇಲ್ಲ!"

ಅಕ್ಕ ಚೀಟಿಯಲ್ಲಿ ಬರೆಯುತ್ತಾ ಹೋದಳು, ನಾನು ಓದುತ್ತಾ ಹೋದೆ. ಕಾಲರಿನ ಒಳಗೆ ಕ್ಯಾನ್ವಾಸು ಯಾವಾಗ ಇಡಬೇಕು ಅಂತ ನೀವೇ ಹೇಳಿಕೊಟ್ಟಿರಿ. ಕೂತುಕೊಳ್ಳಿ, ಬೆನ್ನು ಗೋಡೆಗೆ ಕೊಡಿ. ಎಲ್ಲವೂ ಅವಳದೇ ಮಾತು. ನನ್ನ ಬಾಯಲ್ಲಿ ಅದು ಪ್ರಯೋಗಾಲಯದ ವರದಿಯ ಹಾಗೆ ಬರುತ್ತಿತ್ತು, ನನಗೇ ಕೇಳಿಸುತ್ತಿತ್ತು. "ಓದಿ ಹೇಳ್ತಿದ್ದೀರಿ," ಎಂದರು ಅಜ್ಜ. "ಅವರೂ ಹೀಗೇ ಓದ್ತಿದ್ರು."

ಇಪ್ಪತ್ತು ನಿಮಿಷ ಕಳೆಯಿತು. ಭಾವ ಮೇಲೆ ಬ್ರೇಕಿನ ಹಿಡಿ ಹಿಡಿದು ನಿಂತಿದ್ದರು. ಒಳಗೆ ಅಜ್ಜನ ಉಸಿರು ಗಟ್ಟಿಯಾಗಿ ಕೇಳತೊಡಗಿತು. ಎಂಬತ್ತರ ಹತ್ತಿರದ ಜೀವ. ಅಕ್ಕ ನನ್ನ ಕಡೆ ನೋಡಿದಳು. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು. ಅವಳು ಸಂದಿಗೆ ಬಾಯಿಟ್ಟು ಹೇಳಿದಳು:

"ಬಂದೇಬಿಟ್ರು."

ಮರದ ಮೇಲೆ ಮರಳುಕಾಗದ ಎಳೆದಂಥ ಸದ್ದು ಅದು. ಇನ್ನೊಂದು ಸಲ ಹೇಳಿದಳು.

"ಇದ್ಯಾರೋ ಬೇರೆ," ಎಂದರು ಅಜ್ಜ. ಕೋಪವಿರಲಿಲ್ಲ, ಸುಸ್ತಿತ್ತು. "ಅಕ್ಕನ ದನಿ ನನಗೆ ಗೊತ್ತು."

ಅಕ್ಕ ಮತ್ತೆ ಬಾಯಿ ತೆರೆಯಲಿಲ್ಲ. ಕೈಯನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಅವರು ಇನ್ನಷ್ಟು ಹೆದರುತ್ತಾರೆ, ಹಿಡಿದರೆ ಲಿಫ್ಟ್ ಸರಿಯುವುದಿಲ್ಲ. ನಾನು ಗಡಿಯಾರ ನೋಡುತ್ತಾ ಕೂತೆ; ನನಗೆ ಬೇರೇನೂ ಮಾಡಲು ತಿಳಿಯಲಿಲ್ಲ. ಹನ್ನೊಂದು ನಿಮಿಷದ ಮೇಲೆ ಎತ್ತಿ ಹಿಡಿದಿದ್ದ ಆ ತೋಳು ಜೋಮು ಹಿಡಿದು, ಬೆರಳುಗಳು ಒಂದೊಂದಾಗಿ ಸಡಿಲವಾಗಿ, ಕೈ ತಾನಾಗಿ ಒಳಗೆ ಜಾರಿತು. ಒಳಗೆ ಏನೋ ದೊಪ್ಪನೆ ಕುಸಿದ ಸದ್ದು.

"ಹೋಯ್ತು!" ಎಂದು ಕೂಗಿದೆ.

ಅಜ್ಜ ಬದುಕಿದರು. ಬಟ್ಟೆಯ ಗಂಟಿನ ಮೇಲೆ ಬಿದ್ದದ್ದರಿಂದ ಮೊಣಕಾಲು ತರಚಿತ್ತು, ಅಷ್ಟೇ. ಹೊರಗೆ ಬಂದವರು ಅಕ್ಕನನ್ನು ಬಹಳ ಹೊತ್ತು ನೋಡಿದರು. ಅವಳ ಕುತ್ತಿಗೆಯ ಸುತ್ತ ಮಫ್ಲರ್ ಇತ್ತು. ಯಾರು ಎಂದು ಕೇಳಲಿಲ್ಲ.

ಕಂಪನಿಗೆ ಪತ್ರ ಬರೆದೆ. ಏಳೂ ಕರೆಗಳನ್ನು ನಾಲ್ಕು ಸೆಕೆಂಡಿನೊಳಗೆ ಎತ್ತಲಾಗಿದೆ, ಒಪ್ಪಂದದಂತೆ ಲೋಪವಿಲ್ಲ ಎಂದು ದಾಖಲೆಸಮೇತ ಉತ್ತರ ಬಂತು. ದಾಖಲೆ ಸರಿಯಾಗಿಯೇ ಇತ್ತು. ಒಪ್ಪಂದ ಮುಗಿಯಲು ಇನ್ನೂ ಹತ್ತು ತಿಂಗಳಿದೆ, ಬಿಡಿಸಿಕೊಳ್ಳುವ ಷರತ್ತು ಅದರಲ್ಲಿಲ್ಲ. ನನ್ನ ಒಂಬತ್ತು ಕಾಲಮ್ಮಿನಲ್ಲಿ ಅದೂ ಇರಲಿಲ್ಲ. ಎಕ್ಸ್‌ಚೇಂಜಿನಮ್ಮನ ಮನೆಗೆ ಹೋದೆ. ಅವರು ಅಷ್ಟರಲ್ಲಿ ಹಲ್ಲಿನ ಡಾಕ್ಟರೊಬ್ಬರ ಕೆಲಸ ಒಪ್ಪಿಕೊಂಡಿದ್ದರು. "ಮೊದಲೇ ಹೇಳಬಾರದಿತ್ತೇನಪ್ಪ," ಎಂದರು.

ಅಕ್ಕನ ಗಂಟಲಿನ ಬಗ್ಗೆ ಡಾಕ್ಟರು ಕಾದು ನೋಡೋಣ ಎನ್ನುತ್ತಾರೆ. ಆ ಮಾತನ್ನು ಮೂರನೆಯ ಸಲ ಹೇಳಿದ್ದಾರೆ. ಈಗ ಅವಳಿಗೆ ಮಾತು ಬರುತ್ತದೆ, ಆ ದನಿ ಬರುವುದಿಲ್ಲ. ಭಾವ ತಮಾಷೆ ನಿಲ್ಲಿಸಿದ್ದಾರೆ. ಕೆಲಸಕ್ಕೆ ಹೊರಡುವಾಗ ಎರಡೂ ಬೂಟುಗಳನ್ನು ಮೊದಲೇ ಹಾಕಿಕೊಂಡು ಕೂತಿರುತ್ತಾರೆ.

ದರ್ಜಿ ಅಜ್ಜ ಲಿಫ್ಟ್ ಹತ್ತುವುದನ್ನು ಬಿಟ್ಟಿದ್ದಾರೆ. ಬುಧವಾರ ಬುಧವಾರ ಅವರು ಅಂಗಡಿಯಿಂದ ಬಟ್ಟೆಯ ಗಂಟು ತರುವ ದಿನ ಅಕ್ಕ ಆ ಕಟ್ಟಡದ ಬಾಗಿಲಲ್ಲಿ ನಿಂತಿರುತ್ತಾಳೆ. ಗಂಟನ್ನು ತಾನು ಹೊರುತ್ತಾಳೆ. ಹೋದ ವಾರ ನಾನೂ ಜೊತೆಗಿದ್ದೆ. ಮೊದಲನೆಯ ಮಹಡಿಯ ತಿರುವಿನಲ್ಲಿ ಅಜ್ಜ ಕಂಬಿ ಹಿಡಿದು ನಿಂತು ಏದುಸಿರು ಬಿಡುತ್ತಾ, "ಇನ್ನೂ ಎಷ್ಟಿದೆಯಮ್ಮ?" ಎಂದರು.

ಇನ್ನೂ ನಲವತ್ತೆರಡು ಮೆಟ್ಟಿಲುಗಳಿದ್ದವು, ನಾನು ಎಣಿಸಿದ್ದೆ. ಅಕ್ಕ ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಬಂದೇಬಿಟ್ಟಿತು ಅನ್ನುವ ಹಾಗೆ ಕೈ ಮಾಡಿ ತೋರಿಸಿದಳು.